ಮನೆಯಲ್ಲೇ ಹುದುಗಿಸಿದ ಬೊಕಾಶಿ ಬೂಸಾ: ಮೂರು ವರ್ಷ ಬಳಸಿದ ಮೇಲೆ

ನಮ್ಮ ಅಡುಗೆಮನೆ ಸಿಂಕಿನ ಕೆಳಗೆ ನಲ್ಲಿ ಇರುವ ಎರಡು ಬಕೆಟ್ ಇವೆ. ಮೂರು ವರ್ಷದಿಂದ ನಾವು ಹಸಿ ಕಸದ ಗಾಡಿಗೆ ಕೊಟ್ಟಿದ್ದು ತೆಂಗಿನ ಚಿಪ್ಪು, ಎಳನೀರಿನ ಬುರುಡೆ, ಮಾವಿನ ವಾಟೆ ಇಷ್ಟೇ. ಉಳಿದದ್ದೆಲ್ಲ ಆ ಬಕೆಟ್‌ಗೆ ಹೋಗುತ್ತದೆ. ತರಕಾರಿ ಸಿಪ್ಪೆ, ತಟ್ಟೆಯಲ್ಲಿ ಉಳಿದ ಅನ್ನ, ಒಣಗಿದ ಚಪಾತಿ, ಭಾನುವಾರದ ಕೋಳಿ ಮೂಳೆ, ಕಾಫಿ ಗಸಿ, ಎಲ್ಲ. ಅದರ ಮೇಲೆ ಒಂದು ಹಿಡಿ ಬೊಕಾಶಿ ಬೂಸಾ, ಅಂದರೆ ಕಸ ಕೊಳೆಯದೆ ಹುಳಿಯಾಗುವಂತೆ ಮಾಡುವ, ಹುದುಗಿಸಿದ ಗೋಧಿ ಬೂಸಾ. ಆ ಬೂಸಾವನ್ನು ನಾನೇ ಮಾಡುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಮಾಡಿದ ಬೂಸಾ ಕೊಂಡು ತಂದದ್ದಕ್ಕಿಂತ ಯಾವುದರಲ್ಲೂ ಕಡಿಮೆಯಿಲ್ಲ. ಆದರೆ ಬೂಸಾ ಉದುರಿಸಿದ ಮಾತ್ರಕ್ಕೆ ಗೊಬ್ಬರ ಆಗುವುದಿಲ್ಲ. ಬಕೆಟ್ಟಿನಿಂದ ಹೊರಬರುವುದು ಕಸದ ಉಪ್ಪಿನಕಾಯಿ ಅಂದುಕೊಳ್ಳಿ. ಅದನ್ನು ಹೂಳಲು ಮಣ್ಣು ಬೇಕು, ಮಣ್ಣಿಡಲು ಜಾಗ ಬೇಕು. ಈ ಎರಡನೇ ಮಾತನ್ನು ನನಗೆ ಶುರುವಿನಲ್ಲಿ ಯಾರೂ ಹೇಳಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾವಿರುವುದು ಬೆಂಗಳೂರಿನ ವಿಜಯನಗರದಲ್ಲಿ, ಎರಡನೇ ಮಹಡಿಯ ಬಾಡಿಗೆ ಮನೆ. ನಾಲ್ಕು ಜನ. ದಿನಕ್ಕೆ ಮುಕ್ಕಾಲು ಕೆಜಿ ಹತ್ತಿರ ಹಸಿ ಕಸ ಆಗುತ್ತದೆ. 2012ರಲ್ಲಿ, ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಜನ ನಿಮ್ಮ ಕಸ ನಮಗೆ ಬೇಡ ಅಂದಾಗ ನಮ್ಮ ಬೀದಿ ಮೂಲೆಯಲ್ಲಿ ಬಿದ್ದಿದ್ದ ರಾಶಿ ನನಗೆ ಇನ್ನೂ ನೆನಪಿದೆ. ಆಮೇಲೆ, ಕಸ ಸುರಿಯುತ್ತಿದ್ದ ಇನ್ನೊಂದು ಊರು ಮಂಡೂರಿನವರೂ ಬೇಡ ಅಂದರು. ಅವರು ಹೇಳಿದ್ದರಲ್ಲಿ ಏನು ತಪ್ಪು? ನಮ್ಮನೆ ಸಾರು ಅನ್ನ ಕೊಳೆತು ಇನ್ನೊಬ್ಬರ ಬಾವಿಗೆ ಇಳಿಯಬಾರದು ಅಲ್ವಾ. ಮಾಮೂಲಿ ಕಾಂಪೋಸ್ಟ್ ಮಡಕೆಯನ್ನೂ ಒಂದು ವರ್ಷ ಇಟ್ಟಿದ್ದೆ. ಸಿಪ್ಪೆಗೆ ಅದು ಚೆನ್ನಾಗಿಯೇ ಇತ್ತು. ಆದರೆ ಬೇಯಿಸಿದ ಅನ್ನ, ಮೊಸರನ್ನ, ಮಾಂಸ ಹಾಕಿದರೆ ಹುಳ, ವಾಸನೆ. ನಮ್ಮನೆಯಲ್ಲಿ ಜಾಸ್ತಿ ಮಿಗುವುದೇ ಬೇಯಿಸಿದ್ದು. ಹಾಗಾಗಿ ಬೊಕಾಶಿಗೆ ಬಂದೆ.

ಬೊಕಾಶಿ ಜಪಾನಿನ ಮಾತು. ತೌಡು, ಹಿಂಡಿ ಎಲ್ಲ ಸೇರಿಸಿ ಹುದುಗಿಸಿ ಹೊಲಕ್ಕೆ ಹಾಕುವುದು ಅಲ್ಲಿನ ರೈತರಿಗೆ ಹಳೇ ರೂಢಿ. ಈಗ ನಾವು ಬಕೆಟ್ಟಿನಲ್ಲಿ ಮಾಡುವ ಕ್ರಮ ಹರಡಿದ್ದು 1980ರ ದಶಕದ ನಂತರ. ಒಕಿನಾವಾದ ರ್‍ಯೂಕ್ಯೂ ವಿಶ್ವವಿದ್ಯಾಲಯದಲ್ಲಿ ತೋಟಗಾರಿಕೆ ಪ್ರಾಧ್ಯಾಪಕರಾಗಿದ್ದ ತೆರುವೊ ಹಿಗಾ ಅವರು ಲ್ಯಾಕ್ಟಿಕ್ ಬ್ಯಾಕ್ಟೀರಿಯಾ, ಯೀಸ್ಟ್, ಬೆಳಕಿನಿಂದ ಬದುಕುವ ಬ್ಯಾಕ್ಟೀರಿಯಾ, ಇವೆಲ್ಲ ಒಟ್ಟಿಗಿರುವ ದ್ರಾವಣ ತಯಾರಿಸಿ ಅದಕ್ಕೆ 'ಇ.ಎಂ.' (ಎಫೆಕ್ಟಿವ್ ಮೈಕ್ರೋಆರ್ಗನಿಸಮ್ಸ್) ಅಂತ ಹೆಸರಿಟ್ಟರು. ಅಂಗಡಿಯ ಬೂಸಾದಲ್ಲಿ ಸಾಮಾನ್ಯವಾಗಿ ಇರುವುದು ಆ ಥರದ ದ್ರಾವಣವೇ. ನನ್ನದರಲ್ಲಿ ಮುಖ್ಯವಾಗಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ, ಅಂದರೆ ಮೊಸರನ್ನು ಹುಳಿ ಮಾಡುವ ಬಳಗ. ಕಸಕ್ಕೆ ಹುಳಿ ಹಿಡಿಸಲು ಅಷ್ಟು ಸಾಕು ಅಂತ ಮೂರು ವರ್ಷದಲ್ಲಿ ನನಗೆ ಖಾತ್ರಿಯಾಗಿದೆ.

ನಮ್ಮಣ್ಣ ತುರುವೇಕೆರೆ ಹತ್ತಿರ ಊರಲ್ಲಿ ನಾಲ್ಕು ಹಸು ಕಟ್ಟಿದ್ದಾನೆ. ಮೊದಲ ಸಲ ನಮ್ಮನೆ ಬಕೆಟ್ ಮುಚ್ಚಳ ತೆಗೆದು ಮೂಸಿದವನೇ, "ಇದೇನೇ, ನಮ್ಮ ರಸಮೇವಿನ ವಾಸ್ನೆ ಬರ್ತಿದೆ?" ಅಂದ. ಸರಿಯಾಗೇ ಹಿಡಿದ. ಹಸಿ ಜೋಳದ ಕಡ್ಡಿ ಕತ್ತರಿಸಿ, ತುಳಿದು, ಗಾಳಿಯಾಡದ ಹಾಗೆ ಮುಚ್ಚಿಟ್ಟರೆ ಅದು ಕೊಳೆಯುವುದಿಲ್ಲ, ಹುಳಿಯಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಇಲ್ಲಿ ನಡೆಯುವುದೂ ಅದೇ. ಗಾಳಿ ಇಲ್ಲದ ಕಡೆ ಹುಳಿ ಬ್ಯಾಕ್ಟೀರಿಯಾ ಮೊದಲು ಜಾಗ ಹಿಡಿದರೆ ಕೊಳೆಸುವ ಬ್ಯಾಕ್ಟೀರಿಯಾಕ್ಕೆ ಜಾಗ ಸಿಗುವುದಿಲ್ಲ. ರಸಮೇವು ಗೊತ್ತಿರುವವರಿಗೆ ಬೊಕಾಶಿಯನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

ಮೊದಲ ಆರು ತಿಂಗಳು ಕೊಂಡೇ ಬಳಸಿದೆ. ಕೆಜಿಗೆ 180 ರೂಪಾಯಿ ಕೊಟ್ಟಿದ್ದೆ. ಎರಡು ಪ್ಯಾಕೆಟ್ ಚೆನ್ನಾಗಿದ್ದವು. ಮೂರನೆಯದು ಬೇರೆ ಕಡೆಯಿಂದ ಆನ್‌ಲೈನಲ್ಲಿ ತರಿಸಿದೆ. ಚೀಲ ಬಿಚ್ಚಿದರೆ ಹಿಟ್ಟಿನ ಧೂಳು ಬಿಟ್ಟರೆ ಬೇರೆ ವಾಸನೆಯೇ ಇಲ್ಲ. ಸುಮ್ನೆ ಒಣ ಬೂಸಾ. ಬಕೆಟ್ ತುಂಬಿ ಹತ್ತು ದಿನಕ್ಕೆ ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆ ನಾತ. ಅತ್ತೆ ಎರಡು ದಿನ ಅಡುಗೆಮನೆ ಕಿಟಕಿ ಮುಚ್ಚಲು ಬಿಡಲಿಲ್ಲ. ಅವತ್ತೇ ಒಂದು ಪಾಠ ಕಲಿತೆ. ಬೂಸಾ ಒಣಗಿದ್ದರೂ ಮೂಸಿದರೆ ಹುಳಿ-ಸಿಹಿ ವಾಸನೆ ಬರಬೇಕು, ಹಳೇ ಬೆಲ್ಲದ ಡಬ್ಬಿಗೆ ಮಜ್ಜಿಗೆ ತಾಕಿದ ಹಾಗೆ. ಬರಲಿಲ್ಲವೋ, ಅದರಲ್ಲಿ ಜೀವ ಇಲ್ಲ.

ಈಗ ನಾನು ಮಾಡುವ ಕ್ರಮ. ಅಕ್ಕಿ ತೊಳೆದ ಮೊದಲ ನೀರನ್ನು ಒಂದು ಗಾಜಿನ ಬಾಟಲಿಗೆ ಅರ್ಧ ತುಂಬಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ನೆರಳಲ್ಲಿ ಮೂರು-ನಾಲ್ಕು ದಿನ ಇಡುತ್ತೇನೆ. ಲಘುವಾಗಿ ಹುಳಿ ವಾಸನೆ ಬರುತ್ತದೆ. ಮೇಲೆ ತೆಳ್ಳನೆ ಪೊರೆ, ಕೆಳಗೆ ಬಿಳಿ ಹಿಟ್ಟು, ನಡುವೆ ತಿಳಿ. ಆ ತಿಳಿ 50 ಮಿ.ಲೀ. ತೆಗೆದು ಅರ್ಧ ಲೀಟರ್ ಹಾಲಿಗೆ ಬೆರೆಸುತ್ತೇನೆ. ನಂದಿನಿ ನೀಲಿ ಪ್ಯಾಕೆಟ್ ಹಾಲು ಸಾಕು, ಕಾಯಿಸುವುದು ಬೇಡ. ಮುಚ್ಚಳ ಸಡಿಲವಾಗಿಟ್ಟು ಐದಾರು ದಿನ ಅಲುಗಾಡಿಸಬಾರದು. ಹಾಲು ಒಡೆದು ಗಡ್ಡೆ ಮೇಲೆ ತೇಲುತ್ತದೆ, ಕೆಳಗೆ ನಿಂಬೆ ಹಳದಿ ಬಣ್ಣದ ತಿಳಿ ರಸ ನಿಲ್ಲುತ್ತದೆ. ಸೋಸಿದರೆ ಸುಮಾರು 400 ಮಿ.ಲೀ. ಸಿಗುತ್ತದೆ. ಬೇಕಾದಷ್ಟು ತೆಗೆದು ಉಳಿದದ್ದನ್ನು ಫ್ರಿಜ್ಜಿನಲ್ಲಿ ಇಟ್ಟರೆ ಮುಂದಿನ ಸಲಕ್ಕೂ ಆಗುತ್ತದೆ.

ಬೂಸಾ ತರುವುದು ಹಿಂಡಿ-ಬೂಸಾ ಅಂಗಡಿಯಿಂದ. ಸೂಪರ್ ಮಾರ್ಕೆಟ್ಟಿನ ಸಣ್ಣ ಪೊಟ್ಟಣದ ಬೂಸಾ ಬೇಡ, ದುಬಾರಿ. ದನಕ್ಕೆ ಹಾಕುವ ಗೋಧಿ ಬೂಸಾ ಅಂತ ಕೇಳಿ, ನನಗೆ ಕೆಜಿಗೆ 32 ರೂಪಾಯಿಗೆ ಸಿಕ್ಕಿದೆ. ಉಪ್ಪು, ಖನಿಜದ ಪುಡಿ ಬೆರೆಸಿದ ಪಶು ಆಹಾರ ಕೊಡಲು ಬಂದರೆ ಬೇಡ ಅನ್ನಿ. ಅಕ್ಕಿ ತೌಡಿನಲ್ಲೂ ಮಾಡಿ ನೋಡಿದೆ. ಹುದುಗು ಚೆನ್ನಾಗಿ ಬರುತ್ತದೆ, ಆದರೆ ತೌಡಿನಲ್ಲಿ ಎಣ್ಣೆ ಅಂಶ ಜಾಸ್ತಿ, ಎರಡು ತಿಂಗಳಿಗೆ ಕಮಟು ಹಿಡಿಯಿತು. ರಾಗಿ ಹೊಟ್ಟು ಹಿಡಿಸಲೇ ಇಲ್ಲ.

ಐದು ಕೆಜಿ ಬೂಸಾಕ್ಕೆ ಎರಡು ಲೀಟರ್ ನೀರು, 100 ಗ್ರಾಂ ಬೆಲ್ಲ, 100 ಮಿ.ಲೀ. ಹಾಲಿನ ರಸ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದಕ್ಕೇ ಹಿಂದಿನ ರಾತ್ರಿಯೇ ಬಕೆಟ್ಟಿಗೆ ಹಿಡಿದು ತೆರೆದಿಡುತ್ತೇನೆ. ಬೆಲ್ಲ ಕರಗಿಸಿ, ರಸ ಬೆರೆಸಿ, ದೊಡ್ಡ ಟಬ್ಬಿನಲ್ಲಿ ಬೂಸಾ ಹರಡಿ, ಒಂದೊಂದು ಲೋಟ ಚಿಮುಕಿಸುತ್ತಾ ಎರಡೂ ಕೈಯಲ್ಲಿ ಉಜ್ಜುತ್ತೇನೆ, ಪುಟ್ಟಿನ ಹಿಟ್ಟಿಗೆ ನೀರು ಚಿಮುಕಿಸಿದ ಹಾಗೆ. ಒಂದೇ ಸಲ ಸುರಿದರೆ ಗಂಟು ಕಟ್ಟುತ್ತದೆ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಅಮುಕಬೇಕು. ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ಒಂದು ತೊಟ್ಟೂ ನೀರು ಇಳಿಯಬಾರದು, ಬೆರಳಿನಿಂದ ತಟ್ಟಿದರೆ ಉಂಡೆ ಪುಡಿಯಾಗಬೇಕು. ಈ ಕೆಲಸದಲ್ಲಿ ಮುಖ್ಯವಾದ ಘಳಿಗೆ ಅಂದರೆ ಇದೇ. ಅಳತೆಗಿಂತ ಕೈಯನ್ನು ನಂಬಿ. ಮಳೆಗಾಲದಲ್ಲಿ ಬೂಸಾವೇ ತೇವ ಹಿಡಿದಿರುತ್ತದೆ, ಆಗ ನನಗೆ ಒಂದೂಮುಕ್ಕಾಲು ಲೀಟರ್ ನೀರೇ ಸಾಕಾಗುತ್ತದೆ.

ಆಮೇಲೆ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಒತ್ತಿ ಒತ್ತಿ ಗಾಳಿ ತೆಗೆದು, ಬಾಯಿ ತಿರುಚಿ ಕಟ್ಟಿ, ಮುಚ್ಚಳದ ಡ್ರಮ್ಮಿನೊಳಗೆ ಇಡುತ್ತೇನೆ. ಬೇಸಿಗೆಯಲ್ಲಿ ಎರಡು ವಾರ, ಡಿಸೆಂಬರಿನ ಚಳಿಯಲ್ಲಿ ಮೂರು ವಾರ. ನಡುವೆ ತೆಗೆದು ನೋಡುವ ಆಸೆ ಆಗುತ್ತದೆ. ನೋಡಬೇಡಿ. ತೆಗೆದಾಗ ಅಲ್ಲಲ್ಲಿ ಹತ್ತಿಯಂಥ ಬಿಳಿ ಬೂಷ್ಟು ಇದ್ದರೆ ಒಳ್ಳೆಯದೇ. ಹಸಿರು, ಕಪ್ಪು ಬೂಷ್ಟು ಬಂದರೆ ಬಳಸಬಾರದು. 2023ರ ಜುಲೈನಲ್ಲಿ ನೀರು ಜಾಸ್ತಿ ಹಾಕಿ, ಚೀಲದ ಬಾಯಿ ಸರಿಯಾಗಿ ಕಟ್ಟದೆ ಇಡೀ ಐದು ಕೆಜಿ ಹಸಿರಾಗಿತ್ತು. ತುಂಬಾ ಬೇಜಾರಾಯಿತು. ಅಷ್ಟನ್ನೂ ಎಸೆದು ಹೊಸದಾಗಿ ಕಲಸಿದೆ.

ಹುದುಗಿದ ಬೂಸಾವನ್ನು ಹಳೇ ಬೆಡ್‌ಶೀಟಿನ ಮೇಲೆ ತೆಳ್ಳಗೆ ಹರಡಿ ಫ್ಯಾನ್ ಕೆಳಗೆ ಎರಡು ದಿನ ಒಣಗಿಸುತ್ತೇನೆ. ಬಿಸಿಲಿಗೆ ಇಡುವುದಿಲ್ಲ. ಕಾಳು ತುಂಬುವ ಡಬ್ಬಿಗಳಲ್ಲಿ ಒತ್ತಿ ತುಂಬಿದರೆ ಹತ್ತು ತಿಂಗಳು ಕಳೆದದ್ದೂ ಚೆನ್ನಾಗಿ ಕೆಲಸ ಮಾಡಿದೆ. ಬೂಸಾ, ಬೆಲ್ಲ, ಹಾಲು ಎಲ್ಲ ಸೇರಿ ಐದು ಕೆಜಿಗೆ 250 ರೂಪಾಯಿ ದಾಟಿಲ್ಲ, ನಮ್ಮನೆಗೆ ಅದು ಆರು ತಿಂಗಳು ಬರುತ್ತದೆ. ಅಷ್ಟನ್ನೇ ಕೊಂಡಿದ್ದರೆ 900 ಆಗುತ್ತಿತ್ತು.

ಬಳಸುವುದು ಸುಲಭ. ಎರಡು ಬೆರಳು ದಪ್ಪ ಕಸ, ಒಂದು ಹಿಡಿ ಬೂಸಾ, ಮೇಲೆ ತಟ್ಟೆ ಇಟ್ಟು ಒತ್ತಿ, ಮುಚ್ಚಳ ಬಿಗಿ. ಅನ್ನ, ಮಾಂಸ ಇದ್ದ ದಿನ ಎರಡು ಹಿಡಿ. ಸಾರು, ಮಜ್ಜಿಗೆ ಸುರಿಯಬಾರದು, ಜಾಲರಿಯಲ್ಲಿ ಬಸಿದ ಗಟ್ಟಿ ಮಾತ್ರ. ದಿನಕ್ಕೆ ಒಂದೇ ಸಲ, ರಾತ್ರಿ ಪಾತ್ರೆ ತೊಳೆದ ಮೇಲೆ ಹಾಕುತ್ತೇನೆ. ಪದೇ ಪದೇ ತೆರೆದರೆ ಒಳಗೆ ಗಾಳಿ ಸೇರುತ್ತದೆ. ಇಪ್ಪತ್ತು ಲೀಟರಿನ ಬಕೆಟ್ ನಮಗೆ ಹದಿನೆಂಟು-ಇಪ್ಪತ್ತು ದಿನಕ್ಕೆ ತುಂಬುತ್ತದೆ. ತುಂಬಿದ್ದನ್ನು ಎರಡು ವಾರ ಮುಟ್ಟದೆ ಬಿಟ್ಟು, ಇನ್ನೊಂದು ಶುರು. ಹಬ್ಬಕ್ಕೆ ಊರಿಗೆ ಹೋಗಿ ಹತ್ತು ದಿನ ಬಿಟ್ಟು ಬಂದರೂ ಏನೂ ಆಗಿಲ್ಲ.

ಬಕೆಟ್ಟಿನ ನಲ್ಲಿ ಮಾತ್ರ ತಲೆನೋವು. ಅನ್ನದ ಅಗುಳು, ಕಾಫಿ ಗಸಿ ಹೋಗಿ ಕಟ್ಟಿಕೊಳ್ಳುತ್ತದೆ. ಈಗ ತಳದ ಜಾಲರಿ ಮೇಲೆ ಒಂದು ತೆಳು ತೆಂಗಿನ ನಾರು ಹಾಸುತ್ತೇನೆ, ಒಂದೂವರೆ ವರ್ಷದಿಂದ ಕಟ್ಟಿಲ್ಲ. ಎರಡು-ಮೂರು ದಿನಕ್ಕೊಮ್ಮೆ ನಲ್ಲಿಯಿಂದ ಬರುವ ಕಸದ ರಸವನ್ನು ಒಂದು ಲೀಟರ್ ನೀರಿಗೆ ಎರಡು ಟೀ ಚಮಚದಂತೆ ಬೆರೆಸಿ ಗಿಡಗಳ ಬುಡದ ಮಣ್ಣಿಗೆ ಹಾಕುತ್ತೇನೆ. ಹಾಗೇ ಸುರಿದರೆ ಹುಳಿಗೆ ಬೇರು ಸುಡುತ್ತದೆ. ಮಿಕ್ಕಿದ್ದನ್ನು ಅವತ್ತೇ ಬಚ್ಚಲಿಗೆ ಬಿಡುತ್ತೇನೆ, ಇಟ್ಟರೆ ನಾತ.

ಇನ್ನು ಮಣ್ಣಿನ ವಿಷಯ. ಎರಡು ವಾರದ ನಂತರ ಬಕೆಟ್ ತೆಗೆದರೆ ಬಾಳೆ ಸಿಪ್ಪೆ ಬಾಳೆ ಸಿಪ್ಪೆಯಾಗೇ ಕಾಣುತ್ತದೆ. ಮೊದಲ ಸಲ ನೋಡಿದವರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಆಗಿರುತ್ತದೆ. ಅದು ಮಣ್ಣಿಗೆ ಬಿದ್ದ ಮೇಲೆ ಎಷ್ಟು ಬೇಗ ಕರಗುತ್ತದೆ ಅಂತ ನೋಡಿದರೆ ಗೊತ್ತಾಗುತ್ತದೆ. ನಾನು ಮೊದಲು ಅವಸರಪಟ್ಟು ದಾಸವಾಳದ ಕುಂಡದಲ್ಲಿ ಬೇರಿಗೆ ತಾಗುವ ಹಾಗೆ ಹೂತೆ. ವಾರದೊಳಗೆ ಎಲೆ ಹಳದಿಯಾಗಿ ಉದುರಿತು, ಗಿಡ ಉಳಿಯಲಿಲ್ಲ. ಅತ್ತೆ ದಿನಾ ದೇವರಿಗೆ ಹೂ ಕೀಳುತ್ತಿದ್ದ ಗಿಡ ಅದು.

ಈಗ ತಾರಸಿ ಮೇಲೆ 60 ಲೀಟರಿನ ಹಳೇ ಡ್ರಮ್, ತಳಕ್ಕೆ ತೂತು. ಕೆಳಗೆ ಹಳೇ ಕುಂಡದ ಮಣ್ಣು, ನಡುವೆ ಹುದುಗಿದ ಕಸ ಮತ್ತು ಮಣ್ಣು ಸಮಸಮ ಕಲಸಿದ್ದು, ಮೇಲೆ ಒಂದು ಗೇಣು ಮಣ್ಣು. ಮುಚ್ಚಿ, ಮೇಲೆ ಕಲ್ಲು. ಕಲ್ಲು ಮರೆತ ಒಂದು ರಾತ್ರಿ ಇಲಿ ಬಂದು ಕೋಳಿ ಮೂಳೆಗಾಗಿ ತೋಡಿ ಹಾಕಿತ್ತು. ನಾಲ್ಕು ವಾರ ಬಿಟ್ಟು ಸೌಟು ಹಾಕಿ ಕೆದಕಿದರೆ ಅನ್ನ, ಚಪಾತಿ, ಸಿಪ್ಪೆ ಯಾವುದೂ ಕಾಣುವುದಿಲ್ಲ. ಮೊಟ್ಟೆ ಚಿಪ್ಪು, ದಪ್ಪ ಮೂಳೆ, ಜೋಳದ ದಿಂಡು ಉಳಿದಿರುತ್ತವೆ. ಮಣ್ಣು ಕಪ್ಪಗೆ, ಮಳೆ ಬಿದ್ದ ಮೊದಲ ದಿನದ ವಾಸನೆ. ಹುಳಿ ವಾಸನೆ ಇನ್ನೂ ಇದ್ದರೆ ಇನ್ನೆರಡು ವಾರ ಬಿಡುತ್ತೇನೆ. ಅದೇ ಮಣ್ಣನ್ನು ಮುಂದಿನ ಬಕೆಟ್ಟಿಗೂ ಬಳಸುವುದರಿಂದ ಹೊಸ ಮಣ್ಣು ಕೊಳ್ಳುವುದು ನಿಂತಿದೆ. ಮೆಂತ್ಯ, ದಂಟು, ಬದನೆ ಬಂದಿವೆ. ಮಿಕ್ಕ ಮಣ್ಣು ಚೀಲದಲ್ಲಿ ಊರಿಗೆ ಹೋಗುತ್ತದೆ. ಅತ್ತಿಗೆ ಅದನ್ನು ಹಿತ್ತಲಿನ ನುಗ್ಗೆ ಮರಕ್ಕೆ ಹಾಕುತ್ತಾರೆ.

ತಾರಸಿ ಇಲ್ಲದವರು, ಬಾಲ್ಕನಿಯೂ ಇಲ್ಲದವರು ಒಂದು ಮಾತು ಯೋಚಿಸಿ ಶುರುಮಾಡಿ. ಬಕೆಟ್ ತುಂಬುವ ಮೊದಲೇ ಅದನ್ನು ಎಲ್ಲಿ ಹೂಳುತ್ತೀರಿ ಅಂತ ಗೊತ್ತಿರಬೇಕು. ಕೆಳಗಿನ ಮನೆಯವರ ಅಂಗಳ, ಅಪಾರ್ಟ್‌ಮೆಂಟಿನ ಗಿಡಗಳ ಪಾತಿ, ಊರಿನ ತೆಂಗಿನ ಬುಡ, ಯಾವುದಾದರೂ ಸರಿ. ಶುರು ಮಾಡುವುದಾದರೆ ಐದು ಕೆಜಿ ಬೇಡ, ಮೊದಲು ಒಂದು ಕೆಜಿ ಬೂಸಾ, 400 ಮಿ.ಲೀ. ನೀರು, 20 ಗ್ರಾಂ ಬೆಲ್ಲ, 20 ಮಿ.ಲೀ. ಹಾಲಿನ ರಸ ಕಲಸಿ ನೋಡಿ. ಬಕೆಟ್ ಕೊಳ್ಳುವಾಗ ಬಣ್ಣ ನೋಡಬೇಡಿ, ಮುಚ್ಚಳದ ಒಳಗೆ ರಬ್ಬರ್ ಸುತ್ತು ಇದೆಯಾ ನೋಡಿ. ನೀರು ತುಂಬಿಸಿ, ನಲ್ಲಿ ಮುಚ್ಚಿ, ಒಂದು ರಾತ್ರಿ ಹಳೇ ಪೇಪರ್ ಮೇಲೆ ಇಡಿ. ಬೆಳಿಗ್ಗೆ ಪೇಪರ್ ಒದ್ದೆಯಾಗಿದ್ದರೆ ಅವತ್ತೇ ವಾಪಸ್ ಮಾಡಿ.