ಮಳೆಗಾಲದಲ್ಲಿ ಗಿಟಾರ್ ಕಟ್ಟುವವರೇ, ತೇವಾಂಶದ ಮೀಟರನ್ನು ನಂಬುವ ಮೊದಲು ಇದನ್ನು ಓದಿ

ಏಳು ತಿಂಗಳು ಕೂತು ಕಟ್ಟಿದ ಗಿಟಾರ್ ಒಂದೇ ರಾತ್ರಿಯಲ್ಲಿ ಸೀಳಿಹೋಯಿತು. ಹೊಸದಾಗಿ ಈ ಹವ್ಯಾಸಕ್ಕೆ ಬಂದವರಿಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ನಾನಿರುವುದು ಮಲೆನಾಡಿನ ಸಾಗರ ಊರಿನಲ್ಲಿ. ಬೆನ್ನಿಗೂ ಪಕ್ಕಕ್ಕೂ ಬೀಟೆ, ಮೇಲ್ಹಲಗೆಗೆ ಹೊರಗಿಂದ ತರಿಸಿದ ಸಿಟ್ಕಾ ಸ್ಪ್ರೂಸ್ ಅನ್ನುವ ಹಗುರ ಮರ. ಬಳ್ಳಾರಿಯಲ್ಲಿರುವ ತಂಗಿಯ ಮಗಳಿಗೆ ಕೊಡಬೇಕು ಅಂತ ಕಟ್ಟಿದ್ದು. ಬೀಟೆ ಕೊಟ್ಟ ಮರದ ವ್ಯಾಪಾರಿ ಹತ್ತು ವರ್ಷ ಒಣಗಿದ್ದು ಅಂದಿದ್ದರು. ನಾನೂ ಪರೀಕ್ಷೆ ಮಾಡದೆ ತಂದೆ.

ಗಾಳಿಯ ತೇವಾಂಶ ಶೇ. 45ರಿಂದ 50ರ ಒಳಗೆ ಇದ್ದಾಗಲೇ ಮೇಲ್ಹಲಗೆ, ಬೆನ್ನು, ಪಕ್ಕ ಸೇರಿಸಿ ಗಿಟಾರಿನ ಪೆಟ್ಟಿಗೆ ಅಂಟಿಸಬೇಕು ಅನ್ನುವುದು ನನಗೆ ಗೊತ್ತಿತ್ತು. ಅದಕ್ಕೇ ಚಿಕ್ಕ ಕೋಣೆಯಲ್ಲಿ ಬಲ್ಬ್ ಉರಿಸಿ, ಬಾಗಿಲು ಹಾಕಿ, ಆನ್‌ಲೈನ್‌ನಲ್ಲಿ ಕೊಂಡ ಅಗ್ಗದ ಡಿಜಿಟಲ್ ಮೀಟರ್ ನೋಡಿಕೊಂಡೇ ಕೆಲಸ ಮಾಡಿದೆ. ಹೊರಗೆ ಆಗಸ್ಟಿನ ಜಡಿಮಳೆ. ಮೀಟರ್ 49 ತೋರಿಸುತ್ತಿತ್ತು. ಸಮಾಧಾನದಿಂದ ಪೆಟ್ಟಿಗೆ ಮುಚ್ಚಿದೆ.

ಡಿಸೆಂಬರಿನಲ್ಲಿ ಗಿಟಾರ್ ಬಳ್ಳಾರಿಗೆ ಹೋಯಿತು. ಫೆಬ್ರುವರಿಯಲ್ಲಿ ಅವಳ ಫೋನು: "ಮಾಮ, ತಂತಿ ಜುಂಯ್ ಅನ್ನುತ್ತೆ, ಫ್ರೆಟ್ ತುದಿ ಕೈಗೆ ಚುಚ್ಚುತ್ತೆ." ಕತ್ತು ಬಾಗಿರಬೇಕು ಅಂದುಕೊಂಡು ಅದರ ಬಾಗು ಸರಿಮಾಡುವ ಒಳಗಿನ ಸರಳು, ಅಂದರೆ ಟ್ರಸ್ ರಾಡ್, ಸ್ವಲ್ಪ ಸಡಿಲಿಸಲು ಹೇಳಿದೆ. ಅದು ನನ್ನ ದೊಡ್ಡ ತಪ್ಪು. ಅವಳು ಹೇಳಿದ್ದು ಎರಡೂ, ಮರ ಒಣಗುತ್ತಿರುವುದರ ಗುರುತುಗಳು. ಕತ್ತಿನ ಮೇಲಿನ ಬೆರಳ್ಹಲಗೆ ಕುಗ್ಗುತ್ತದೆ, ಅದರಲ್ಲಿ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿ, ಅಂದರೆ ಫ್ರೆಟ್, ಕುಗ್ಗುವುದಿಲ್ಲ. ಅದಕ್ಕೇ ತುದಿ ಹೊರಗೆ ಬರುತ್ತದೆ. ಮೇಲ್ಹಲಗೆ ಒಳಗೆ ತಗ್ಗುವುದರಿಂದ ತಂತಿಯೂ ಕೆಳಗಿಳಿದು ಫ್ರೆಟ್‌ಗೆ ತಾಗುತ್ತದೆ. ಆಗಲೇ ತಂತಿ ಸಡಿಲಿಸಿ ಗಿಟಾರಿಗೆ ತೇವ ಕೊಟ್ಟಿದ್ದರೆ ಉಳಿಯುತ್ತಿತ್ತು.

ಮಾರ್ಚ್ ಕೊನೆಯಲ್ಲಿ ಒಂದು ರಾತ್ರಿ ಟಕ್ ಅಂತ ಸದ್ದಾಯಿತಂತೆ. ಬೆಳಿಗ್ಗೆ ನೋಡಿದರೆ ಮೇಲ್ಹಲಗೆಯಲ್ಲಿ, ತಂತಿ ಸಿಕ್ಕಿಸುವ ಬ್ರಿಡ್ಜ್‌ನಿಂದ ಕೆಳಗಿನ ಅಂಚಿನವರೆಗೆ ಬಿರುಕು. ಬೆನ್ನಿನಲ್ಲೂ ಒಂದು. ಮಗು ಫೋನಿನಲ್ಲಿ ಅತ್ತಳು. ತಾನೇ ಏನೋ ತಪ್ಪು ಮಾಡಿದೆ ಅಂತ ಅವಳ ಭಾವನೆ. ಅದು ನನಗೆ ಇವತ್ತಿಗೂ ನೋವು.

ಗಿಟಾರ್ ವಾಪಸ್ ತರಿಸಿ ನೋಡಿದೆ. ಅಂಟು ಎಲ್ಲೂ ಬಿಟ್ಟಿರಲಿಲ್ಲ. ಅಂಟು ಗಟ್ಟಿಯಾಗಿದ್ದುದರಿಂದಲೇ ಮರ ಸೀಳಿದ್ದು. ನಮ್ಮ ಮಲೆನಾಡಿನ ಮನೆ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಹಾಕಲು ಬರುವುದಿಲ್ಲ, ಬೇಸಿಗೆಯಲ್ಲಿ ಸಂದು ಬಿಡುತ್ತದೆ ಅಲ್ವಾ? ಮರ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚು ಕಡಿಮೆ ಏನೂ ಆಗುವುದಿಲ್ಲ. ಮರದೊಳಗಿನ ತೇವ ಶೇ. 1ರಷ್ಟು ಇಳಿದರೆ 40 ಸೆಂ.ಮೀ. ಅಗಲದ ಸ್ಪ್ರೂಸ್ ಅರ್ಧ ಮಿ.ಮೀ.ಗಿಂತ ಜಾಸ್ತಿ ಕುಗ್ಗುತ್ತದೆ. ಶೇ. 6 ಇಳಿದರೆ ಮೂರೂವರೆ ಮಿ.ಮೀ. ದಾಟುತ್ತದೆ. ಹಲಗೆಯ ದಪ್ಪವೇ ಮೂರು ಮಿ.ಮೀ. ಒಳಗೆ ಅಡ್ಡಲಾಗಿ ಅಂಟಿಸಿದ ಆಸರೆ ಪಟ್ಟಿಗಳು, ಅಂದರೆ ಬ್ರೇಸ್‌ಗಳು, ಅದನ್ನು ಕುಗ್ಗಲು ಬಿಡುವುದಿಲ್ಲ. ಸೀಳದೆ ಇನ್ನೇನು ಮಾಡೀತು?

ಆದರೆ ಮೀಟರ್ 49 ಹೇಳಿತ್ತಲ್ಲ? ಆಮೇಲೆ ಉಪ್ಪಿನ ಪರೀಕ್ಷೆ ಮಾಡಿದೆ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ನಾಲ್ಕು ಹನಿ ನೀರು ಬಿಟ್ಟು ಒದ್ದೆ ಮಾಡಬೇಕು. ಉಪ್ಪು ಪೂರ್ತಿ ಕರಗಬಾರದು. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದು ದಿನ ಮುಚ್ಚಿಡಬೇಕು. ಒಳಗಿನ ತೇವಾಂಶ 75ಕ್ಕೆ ಬಂದು ನಿಲ್ಲುತ್ತದೆ. ನನ್ನ ಮೀಟರ್ ತೋರಿಸಿದ್ದು 58. ಅಂದರೆ ನಾನು ಪೆಟ್ಟಿಗೆ ಮುಚ್ಚಿದ ದಿನ ಕೋಣೆಯಲ್ಲಿ 65ರ ಆಚೀಚೆ ಇತ್ತು. ತೇವಕ್ಕೆ ಹಿಗ್ಗಿದ ಮರವನ್ನೇ ಅಂಟಿಸಿ ಬಳ್ಳಾರಿಯ ಒಣ ಗಾಳಿಗೆ ಕಳಿಸಿದ್ದೆ. ಹಿಡಿ ಉಪ್ಪೂ ಬೇಡದ ಈ ಪರೀಕ್ಷೆಯನ್ನು ದಯವಿಟ್ಟು ಮೊದಲೇ ಮಾಡಿ. ಹೊಸ ಮೀಟರ್ ಆದರೂ ಮಾಡಿ.

ಮರ ಒಣಗಿದೆ ಅನ್ನುವ ಯಾರ ಮಾತನ್ನೂ ನಂಬಬೇಡಿ. ಹಲಗೆಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ, ಅದರ ಮೇಲೇ ಪೆನ್ಸಿಲ್‌ನಲ್ಲಿ ಬರೆದಿಡಿ. ತೂಕ ಇಳಿಯುತ್ತಿದ್ದರೆ ಅದಿನ್ನೂ ಒಣಗಿಲ್ಲ. ಮಲೆನಾಡು, ಕರಾವಳಿಯವರು ಬಾಗಿಸುವುದು, ಕೆತ್ತುವುದು ಮಳೆಗಾಲದಲ್ಲಿ ಮಾಡಿಕೊಳ್ಳಬಹುದು. ಬ್ರೇಸ್ ಅಂಟಿಸುವುದು, ಪೆಟ್ಟಿಗೆ ಮುಚ್ಚುವುದು ಮಾತ್ರ ಚಳಿಗಾಲ ಕಳೆದು ಗಾಳಿ ಒಣಗಿದ ಮೇಲೆ ಇಟ್ಟುಕೊಳ್ಳಿ.

ಬಿರುಕು ಬಿಟ್ಟರೆ ತಕ್ಷಣ ಅಂಟು ತುಂಬಬೇಡಿ. ಬೆನ್ನಿನ ಬಿರುಕಿಗೆ ನಾನು ಅವಸರದಲ್ಲಿ ತುಂಬಿದೆ. ಜೂನ್‌ನಲ್ಲಿ ಮರ ಹಿಗ್ಗಲು ಹೋದಾಗ ಅದಕ್ಕೆ ಜಾಗವೇ ಇರಲಿಲ್ಲ, ಪಕ್ಕದ ಹಲಗೆ ಉಬ್ಬಿಬಂತು. ಮೇಲ್ಹಲಗೆಗೆ ಆ ತಪ್ಪು ಮಾಡಲಿಲ್ಲ. ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಒದ್ದೆ ಸ್ಪಂಜ್ ಹಿಂಡಿ ಇಟ್ಟು, ಗಿಟಾರಿನ ಬಾಯೊಳಗೆ ತೂಗುಬಿಟ್ಟೆ. ಮೂರು ವಾರದಲ್ಲಿ ಬಿರುಕು ತಾನಾಗಿ ಕೂಡಿಕೊಂಡಿತು. ಆಮೇಲೆ ಅಂಟು ಹಾಕಿ, ಒಳಗಿನಿಂದ ಸ್ಪ್ರೂಸ್ ಚೂರುಗಳನ್ನು ಆಸರೆಯಾಗಿ ಅಂಟಿಸಿದೆ. ಗೆರೆ ಕಾಣುತ್ತದೆ, ದನಿ ಚೆನ್ನಾಗಿದೆ.

ಅವಳಿಗೆ ಇನ್ನೊಂದು ಕಟ್ಟುತ್ತಿದ್ದೇನೆ. ಬೆನ್ನಿನ ಬೀಟೆ ಹಲಗೆ ಹೋದ ವಾರ 784 ಗ್ರಾಂ ಇತ್ತು, ಇವತ್ತು ಬೆಳಿಗ್ಗೆ 781. ಇನ್ನೂ ಅಟ್ಟದ ಮೇಲೇ ಇದೆ.