ಸೀಟು ಇಳಿಸಿದರು, ಪ್ಲೈವುಡ್ ಏರಿಸಿದರು: ಮೈಸೂರಿನ ‘ರಿಯರ್ ಸೀಟ್ ಡಿಲೀಟ್’ ಕೆಲಸ ಹೇಗಿದೆ?

ಕಾರಿನ ಹಿಂದಿನ ಸೀಟು ಕಳಚಿ, ಆ ಜಾಗಕ್ಕೆ ಸಪಾಟು ನೆಲ ಕೂರಿಸಿಕೊಡುವ ಕೆಲಸಕ್ಕೆ ಮೈಸೂರಲ್ಲಿ ಮೂರು ಬಗೆಯ ಗಿರಾಕಿ. ಲಲಿತಮಹಲ್ ಬಯಲಲ್ಲಿ ಧೂಳೆಬ್ಬಿಸುವ ಗ್ರಾವೆಲ್ ಫೆಸ್ಟ್ (ಮಣ್ಣಿನ ಟ್ರ್ಯಾಕಿನ ಕಾರು ರೇಸ್) ಹುಚ್ಚಿನವರು ಒಂದು. ಮಂಡ್ಯ, ಶ್ರೀರಂಗಪಟ್ಟಣದ ಕಡೆಯಿಂದ ತರಕಾರಿ ಕ್ರೇಟು, ಬೆಲ್ಲದ ಪೆಟ್ಟಿಗೆ ಹಾಕಿಕೊಳ್ಳಲು ಜಾಗ ಬೇಕು ಅನ್ನುವವರು ಇನ್ನೊಂದು. ಮೂರನೆಯವರು ‘ತೂಕ ಇಳಿದರೆ ಮೈಲೇಜ್ ಏರುತ್ತಂತೆ’ ಅಂತ ಯಾರೋ ಹೇಳಿದ್ದು ಕೇಳಿ ಬಂದವರು. ಮೊದಲನೆಯವರಿಗೆ ಈ ಕೆಲಸ ಸರಿ. ಎರಡನೆಯವರಿಗೆ ಅರ್ಧ ಸರಿ. ಮೂರನೆಯವರು ಅಂಗಡಿಗೆ ಹೋಗುವ ಮೊದಲು ಇದನ್ನು ಓದಿದರೆ ದುಡ್ಡು ಉಳಿಯುತ್ತದೆ.

ಮೊದಲು ಕಳಚುವ ಕೆಲಸ. ಇದರಲ್ಲಿ ಇಲ್ಲಿನ ಹುಡುಗರಿಗೆ ಹತ್ತಕ್ಕೆ ಒಂಬತ್ತು ಕೊಡಬಹುದು. ಸೀಟ್ ಕವರ್ ಹೊಲಿದು ಹಾಕುವವರಿಗೆ ದಿನಕ್ಕೆ ನಾಲ್ಕು ಸೀಟು ಬಿಚ್ಚಿ ಹಾಕುವುದು ಅಭ್ಯಾಸ. ಸಣ್ಣ ಹ್ಯಾಚ್‌ಬ್ಯಾಕಿನಲ್ಲಿ ಮುಕ್ಕಾಲು ಗಂಟೆ ಸಾಕು. ಕೂರುವ ಕುಶನ್ನಿನ ಮುಂದಿನ ಅಂಚಿನಲ್ಲಿ ಎರಡು ಕ್ಲಿಪ್ ಇರುತ್ತವೆ, ಅವುಗಳ ನೇರಕ್ಕೆ ಕೈಯಿಟ್ಟು ಮೇಲಕ್ಕೆ ಎತ್ತಿದರೆ ಬಿಡುತ್ತವೆ. ನಡುವಿನಲ್ಲಿ ಹಿಡಿದು ಎಳೆದರೆ ಫೋಮಿನೊಳಗಿನ ತಂತಿ ಸೊಟ್ಟಗಾಗುತ್ತದೆ. ಕೆಲವು ಗಾಡಿಗಳಲ್ಲಿ ಹಿಂಬದಿಗೆ ಕೊಕ್ಕೆ, ಕೆಲವದರಲ್ಲಿ ಬೋಲ್ಟು. ಒರಗುವ ಭಾಗದ ಹಿಂಜುಗಳಿಗೆ (ಕೀಲುಗಳಿಗೆ) ಸಾಮಾನ್ಯವಾಗಿ 12 ಅಥವಾ 14 ಎಂ.ಎಂ. ಸಾಕೆಟ್ ಪಾನಾ. ಸೀಟ್‌ಬೆಲ್ಟಿನ ಆ್ಯಂಕರ್ ಬೋಲ್ಟಿಗೆ 17ರದ್ದು ಇಲ್ಲವೇ ನಕ್ಷತ್ರದಾಕಾರದ ಟಿ50.

ಆ ಬೆಲ್ಟಿನ ಬೋಲ್ಟಿನಲ್ಲೇ ಕೆಲಸಗಾರ ಯಾರು ಅಂತ ಗೊತ್ತಾಗುವುದು. ಅದು ಹೆಚ್ಚಿನ ಗಾಡಿಗಳಲ್ಲಿ 7/16 ಇಂಚಿನ ಸಣ್ಣ ಮರೆಯ (ಮರೆ ಅಂದರೆ ತಿರುಪಿನ ಸುತ್ತು) ಬೋಲ್ಟು. ಮಾಮೂಲಿ ಮಿಲಿಮೀಟರ್ ಮರೆ ಅಲ್ಲ. ವಾಪಸ್ ಹಾಕುವಾಗ ಕೈಗೆ ಸಿಕ್ಕಿದ ಬೇರೆ ಮರೆಯ ಬೋಲ್ಟನ್ನು ಬಿಗಿಯುವ ಗನ್ನಿನಿಂದ ಒತ್ತಿದರೆ ಬಾಡಿಗೆ ಬೆಸೆದಿರುವ ನಟ್ಟಿನ ಮರೆ ಹೋಯಿತು. ಆಮೇಲೆ ಆ ಜಾಗದಲ್ಲಿ ಬೆಲ್ಟು ಇದ್ದರೂ ಇಲ್ಲದಂತೆಯೇ. ಮೊದಲ ನಾಲ್ಕು ಸುತ್ತು ಬೆರಳಲ್ಲೇ ತಿರುಗಬೇಕು, ಆಮೇಲೆ ಟಾರ್ಕ್ ವ್ರೆಂಚಿನಲ್ಲಿ (ಬಿಗಿತ ಅಳೆಯುವ ಪಾನಾ) 35ರಿಂದ 40 ನ್ಯೂಟನ್ ಮೀಟರ್; ನಿಖರ ಅಂಕಿ ಆಯಾ ಗಾಡಿಯ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತದೆ. ಟಾರ್ಕ್ ವ್ರೆಂಚ್ ಇದೆಯಾ ಅಂತ ಕೇಳಿದಾಗ ‘ಕೈಯಲ್ಲೇ ಗೊತ್ತಾಗುತ್ತೆ ಸಾರ್’ ಅಂದರೆ ಬೆಲ್ಟುಗಳನ್ನು ಮುಟ್ಟಿಸಲೇಬೇಡಿ. ಹೇಗೂ ಎರಡು ಬದಿಯ ಬೆಲ್ಟು ಬಿಚ್ಚಿದರೆ ಸಿಗುವುದು ಎರಡು ಮೂರು ಕೆ.ಜಿ. ಮಾತ್ರ.

ಹೊಸ ಗಾಡಿಗಳಲ್ಲಿ ಕುಶನ್ನಿನ ಕೆಳಗೆ ಬೆಲ್ಟ್ ರಿಮೈಂಡರಿನ ವೈರು ಬರುತ್ತದೆ. ಆ ವೈರಿನ ಸಾಕೆಟ್ ಬಿಡಿಸಿ ಹಾಗೇ ಬಿಟ್ಟರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಉರಿಯುತ್ತಲೇ ಇರಬಹುದು. ಹಳದಿ ಬಣ್ಣದ ಸಾಕೆಟ್ ಕಂಡರೆ ಅದು ಏರ್‌ಬ್ಯಾಗಿನದು. ಬ್ಯಾಟರಿಯ ಮೈನಸ್ ತೆಗೆದು ಕೆಲವು ನಿಮಿಷ ಕಾಯದೆ ಅದಕ್ಕೆ ಕೈ ಹಾಕುವಂತಿಲ್ಲ. ಕೆಲವು ಹೈಬ್ರಿಡ್ ಗಾಡಿಗಳಲ್ಲಿ ದೊಡ್ಡ ಬ್ಯಾಟರಿ ತಂಪಾಗಲು ಗಾಳಿ ಎಳೆಯುವ ಕಿಂಡಿ ಹಿಂದಿನ ಸೀಟಿನ ಮಗ್ಗುಲಲ್ಲೇ ಇರುತ್ತದೆ. ಅಂಥ ಗಾಡಿಯನ್ನು ಈ ಕೆಲಸಕ್ಕೆ ತರಲೇಬಾರದು.

ಈಗ ತೂಕದ ವಿಚಾರ. ಅಂಗಡಿಯಲ್ಲಿ ‘ನಲವತ್ತು ಐವತ್ತು ಕೆ.ಜಿ. ಲೈಟ್ ಆಗುತ್ತೆ ಸಾರ್’ ಅಂತಾರೆ. ಆಗಲ್ಲ. ಸಣ್ಣ ಹ್ಯಾಚ್‌ಬ್ಯಾಕಿನ ಕುಶನ್ ಅಂದರೆ ಫೋಮು, ತಂತಿ, ಬಟ್ಟೆ ಅಷ್ಟೇ, ನಾಲ್ಕೈದು ಕೆ.ಜಿ. ಒರಗುವ ಭಾಗಕ್ಕೆ ತಗಡು, ಹಿಂಜು, ಲಾಕು ಇರುವುದರಿಂದ ಹನ್ನೆರಡು ಹದಿನೈದಕ್ಕೆ ಬರುತ್ತದೆ. ಎರಡು ಭಾಗವಾಗಿ (60:40) ಮಡಚುವ ಸೀಟಾದರೆ ಇನ್ನೂ ಕೊಂಚ ಹೆಚ್ಚು. ಒಟ್ಟು ಇಪ್ಪತ್ತು ಕೆ.ಜಿ.ಯ ಆಸುಪಾಸು. ನಂಬಿಕೆ ಬರದಿದ್ದರೆ ಕಳಚಿದ ಸೀಟನ್ನು ಹತ್ತಿರದ ಗುಜರಿ ಅಂಗಡಿಯ ತಕ್ಕಡಿಗೆ ಇಡಿ. ಕಬ್ಬಿನ ಲಾರಿ ತೂಗುವ ವೇಬ್ರಿಡ್ಜಿಗೆ ಕಾರು ಹತ್ತಿಸಿ ನೋಡುವವರೂ ಇದ್ದಾರೆ. ಹತ್ತು ಇಪ್ಪತ್ತು ಕೆ.ಜಿ.ಯ ಹೆಜ್ಜೆಯಲ್ಲಿ ಅಂಕಿ ಬದಲಾಗುವ ಯಂತ್ರಕ್ಕೆ ಒಂದು ಸೀಟು ಎಲ್ಲಿ ಕಾಣಬೇಕು.

ಗಾಡಿಯ ತೂಕಕ್ಕೆ ಡ್ರೈವರ್ ಸೇರಿ 950 ಕೆ.ಜಿ. ಅಂದುಕೊಂಡರೆ ಇಪ್ಪತ್ತು ಕೆ.ಜಿ. ಅಂದರೆ ನೂರಕ್ಕೆ ಎರಡು. ನಿಂತಲ್ಲಿಂದ 100ಕ್ಕೆ ಹದಿಮೂರು ಸೆಕೆಂಡು ತೆಗೆದುಕೊಳ್ಳುವ ಗಾಡಿ ಕಾಲು ಸೆಕೆಂಡು ಬೇಗ ಮುಟ್ಟುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಬಡಿದಾಡುವ ಆಟೋಕ್ರಾಸಿನಂಥ ಮಣ್ಣಿನ ರೇಸಿನಲ್ಲಿ ಅದು ದೊಡ್ಡದೇ. ಪೆಟ್ರೋಲಿನ ಲೆಕ್ಕದಲ್ಲಿ ನೋಡಿದರೆ? ಚಾಮುಂಡಿ ಬೆಟ್ಟ ಊರಿಗಿಂತ ಸುಮಾರು 300 ಮೀಟರ್ ಎತ್ತರ. ಇಪ್ಪತ್ತು ಕೆ.ಜಿ.ಯನ್ನು ಬುಡದಿಂದ ತುದಿಗೆ ಎತ್ತಲು ಬೇಕಾದ ಶಕ್ತಿ 59 ಕಿಲೋಜೂಲ್. ಲೀಟರ್ ಪೆಟ್ರೋಲಿನಲ್ಲಿ 32 ಮೆಗಾಜೂಲ್ ಇದ್ದು, ಎಂಜಿನ್ ಅದರ ಕಾಲು ಭಾಗವನ್ನು ಚಕ್ರಕ್ಕೆ ಕೊಡುತ್ತದೆ ಅಂತಿಟ್ಟುಕೊಂಡರೆ ಖರ್ಚಾಗುವುದು ಏಳು ಎಂಟು ಮಿಲಿಲೀಟರ್. ಒಂದೂವರೆ ಟೀ ಚಮಚೆ. ಒಂದು ಸಲ ಬೆಟ್ಟ ಹತ್ತಿದರೆ ಮುಕ್ಕಾಲು ರೂಪಾಯಿ ಉಳಿತಾಯ, ತಾಯಿಯ ಹುಂಡಿಗೂ ಸಾಲದು. ಊರೊಳಗೆ ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವ ಗಾಡಿಗೆ ಮುಕ್ಕಾಲು ಲೀಟರ್ ಉಳಿದರೆ ಹೆಚ್ಚು. ಸಮ ವೇಗದಲ್ಲಿ ಹೋಗುವ ಬೆಂಗಳೂರು ಹೆದ್ದಾರಿಯಲ್ಲಿ ಅಷ್ಟೂ ಇಲ್ಲ. ಅಲ್ಲಿ ಎಂಜಿನ್ನಿನ ದುಡಿಮೆಯ ಹೆಚ್ಚು ಪಾಲು ಗಾಳಿ ಸೀಳುವುದಕ್ಕೆ. 33 ಇರಬೇಕಾದ ಟೈರಿನಲ್ಲಿ 28 ಗಾಳಿ ಇದ್ದರೆ ಕಳೆದುಹೋಗುವ ಮೈಲೇಜೂ ಹೆಚ್ಚುಕಮ್ಮಿ ಇಷ್ಟೇ. ಬಂಕಿನಲ್ಲಿ ಗಾಳಿ ಹಾಕಿಸಲು ಸೀಟು ಕಳಚಬೇಕಾಗಿಲ್ಲ.

ಇಷ್ಟಾದರೂ ಇಪ್ಪತ್ತು ಕೆ.ಜಿ. ಇಪ್ಪತ್ತೇ ತಾನೆ ಅನ್ನಬಹುದು. ಅದು ನಿಮ್ಮ ಕೈಗೆ ಸಿಕ್ಕರೆ ತಾನೆ. ಇಲ್ಲಿನ ಕೆಲಸದ ದೊಡ್ಡ ಕೊರತೆ ಇರುವುದು ಈ ಎರಡನೇ ಭಾಗದಲ್ಲಿ.

ಸೀಟು ತೆಗೆದ ಮೇಲೆ ಕೆಳಗೆ ಕಾಣುವುದು ಪೇಂಟ್ ಹೊಡೆದ ಬರಿ ತಗಡು, ಏರುಪೇರಾದ ಗುಂಡಿ, ನಡುವೆ ಹೆಚ್ಚಿನ ಗಾಡಿಗಳಲ್ಲಿ ಪೆಟ್ರೋಲ್ ಪಂಪಿನ ಮುಚ್ಚಳ. ಕಾರ್ಪೆಟ್ಟು ಕುಶನ್ನಿನ ಅಂಚಿಗೇ ಮುಗಿದಿರುತ್ತದೆ. ಇದನ್ನು ಮುಚ್ಚಲು ಅಂಗಡಿಯವರು 12 ಎಂ.ಎಂ. ಪ್ಲೈವುಡ್ ಕತ್ತರಿಸುತ್ತಾರೆ. ಕೇಳಿದರೆ ‘ಗಟ್ಟಿ ಇರಲಿ ಅಂತ’. 1.2 ಮೀಟರಿಗೆ 1 ಮೀಟರಿನ ಹಲಗೆ 12 ಎಂ.ಎಂ. ದಪ್ಪದಲ್ಲಿ ಸುಮಾರು ಒಂಬತ್ತು ಕೆ.ಜಿ. ತೂಗುತ್ತದೆ. ಅದನ್ನು ಮಟ್ಟಕ್ಕೆ ತರಲು ಕೆಳಗೆ ಎರಡು ಇಂಚಿಗೆ ಒಂದು ಇಂಚಿನ ಮರದ ರೀಪರ್, ನಾಲ್ಕು ಮೀಟರ್ ಆದರೂ ಬೇಕು, ಮೂರು ಕೆ.ಜಿ. ಮೇಲೆ ಕಾರ್ಪೆಟ್ಟು, ಗಮ್ಮು, ಒಂದೂವರೆ. ಕೂಡಿಸಿ: ಹದಿಮೂರೂವರೆ. ಇಪ್ಪತ್ತು ಇಳಿಸಿದವರಿಗೆ ಕೊನೆಗೆ ಉಳಿದದ್ದು ಆರೂವರೆ ಕೆ.ಜಿ., ಅಂದರೆ ಒಂಬತ್ತು ಲೀಟರ್ ಪೆಟ್ರೋಲಿನ ತೂಕ. ಟ್ಯಾಂಕನ್ನು ಫುಲ್ ಮಾಡಿಸದೆ ಒಂಬತ್ತು ಲೀಟರ್ ಕಡಿಮೆ ಹಾಕಿಸಿದ್ದರೆ ಪುಕ್ಕಟೆ ಆಗುತ್ತಿತ್ತು.

ಕತೆ ಇಲ್ಲಿಗೂ ನಿಲ್ಲುವುದಿಲ್ಲ. ಸೀಟಿನ ಫೋಮು ಕೂರುವುದಕ್ಕೆ ಮಾತ್ರವಲ್ಲ, ಸದ್ದು ಹೀರುವುದಕ್ಕೂ. ಅದು ಹೋದ ಮೇಲೆ ಸೈಲೆನ್ಸರಿನ ಗುಂಯ್‌ಗುಡುವಿಕೆ, ಚಕ್ರದ ಗೂಡಿಗೆ ಜಲ್ಲಿ ಬಡಿಯುವ ಟಣಟಣ ಎಲ್ಲವೂ ಒಳಗೇ. ಖಾಲಿ ಡಬ್ಬಿಯೊಳಗೆ ಕೂತ ಹಾಗೆ. ಒಂದು ವಾರಕ್ಕೆ ಗಿರಾಕಿ ವಾಪಸ್ ಬರುತ್ತಾನೆ, ಅಂಗಡಿಯವರು ಸದ್ದಡಗಿಸುವ ಡ್ಯಾಂಪಿಂಗ್ ಶೀಟ್ ಅಂಟಿಸುತ್ತಾರೆ. 2 ಎಂ.ಎಂ. ದಪ್ಪದ ಆ ಬ್ಯುಟೈಲ್ (ಅಂಟು ರಬ್ಬರ್) ಶೀಟು ಚದರ ಮೀಟರಿಗೆ ಮೂರು ಕೆ.ಜಿ.ಗೆ ಕಡಿಮೆ ಇಲ್ಲ. ನೆಲಕ್ಕೂ ಎರಡು ಚಕ್ರದ ಗೂಡಿಗೂ ಹಾಕಿದರೆ ಲೆಕ್ಕ ಸೊನ್ನೆಗೆ ಬಂತು.

ತೂಕವೇ ಮುಖ್ಯ ಅನ್ನುವವರು ಹಲಗೆಯನ್ನೇ ಬೇಡ ಅನ್ನಬೇಕು. ಬರಿ ತಗಡಿನ ಮೇಲೆ ತೆಳು ಕಾರ್ಪೆಟ್ ಸಾಕು. ಕಣ್ಣಿಗೆ ಅಚ್ಚುಕಟ್ಟಾಗಿರಲಿ ಅಂದರೆ ಫ್ಲೆಕ್ಸ್ ಬೋರ್ಡಿನವರು ಬಳಸುವ 5 ಎಂ.ಎಂ. ಸನ್‌ಪ್ಯಾಕ್ (ಟೊಳ್ಳು ಪ್ಲಾಸ್ಟಿಕ್) ಶೀಟು, ಚದರ ಮೀಟರಿಗೆ ಹೆಚ್ಚುಕಮ್ಮಿ ಒಂದು ಕೆ.ಜಿ. ಅದರ ಮೇಲೆ ಹೆಲ್ಮೆಟ್ ಇಡಬಹುದು, ಕ್ರೇಟು ಇಡುವಂತಿಲ್ಲ. ಕ್ರೇಟು ಇಡಬೇಕಾದವರಿಗೆ 6 ಎಂ.ಎಂ. ಪ್ಲೈ, ಕೆಳಗೆ ಒತ್ತೊತ್ತಾಗಿ ಆಸರೆ. ಈ ಅಳತೆಗಳನ್ನು ನೀವೇ ಬಾಯಿಬಿಟ್ಟು ಹೇಳದಿದ್ದರೆ 12 ಎಂ.ಎಂ. ಬಂದು ಕೂರುತ್ತದೆ.

ಇನ್ನು ಹಲಗೆ ಕೂರಿಸುವ ರೀತಿ. ಇದು ಕೊರತೆಯಲ್ಲ, ಅಪಾಯ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದು ಹಿಂದಿನ ಸೀಟಿನ ನೇರ ಕೆಳಗೆ. ಹಲಗೆಯನ್ನು ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ಹಾಕಿ ತಗಡಿಗೇ ಬಿಗಿಯುವ ಅಭ್ಯಾಸ ಇದೆ. 12 ಎಂ.ಎಂ. ಹಲಗೆಗೆ 25 ಎಂ.ಎಂ. ಸ್ಕ್ರೂ ಹೊಡೆದರೆ ಹನ್ನೆರಡು ಎಂ.ಎಂ. ಮೊನೆ ನೆಲದ ಆಚೆ ಇಣುಕುತ್ತದೆ. ಕೆಳಗಿರುವುದು ಪ್ಲಾಸ್ಟಿಕ್ ಟ್ಯಾಂಕು, ಅದರ ಮೇಲೆ ಹಾದುಹೋದ ಪೈಪು. ಅದೇ ದಿನ ಸೋರದಿರಬಹುದು. ಟ್ಯಾಂಕ್ ತುಂಬಿ, ಹಂಪಿನಲ್ಲಿ ಗಾಡಿ ಕುಣಿದಾಗ ಉಜ್ಜಿ ಉಜ್ಜಿ ತೂತಾಗಬಹುದು. ತಗಡಿನ ಮೇಲೆ ಟೇಪ್ ಸುತ್ತಿ ಹಿಂದಕ್ಕೆ ಹೋಗುವ ವೈರಿನ ಕಟ್ಟಿಗೂ ಇದೇ ಗತಿ. ಸರಿಯಾದ ಕ್ರಮ ಅಂದರೆ ಸೀಟಿನದೇ ಬೋಲ್ಟು ತೂತುಗಳಿಗೆ ತಗಡಿನ ಪಟ್ಟಿ ಕೂರಿಸಿ, ಹಲಗೆಯನ್ನು ಆ ಪಟ್ಟಿಗೆ ಬಿಗಿಯುವುದು. ಹೊಸ ತೂತು ಒಂದೂ ಬೇಡ. ಗಾಡಿ ತೆಗೆದುಕೊಳ್ಳುವಾಗ ರ‍್ಯಾಂಪಿಗೆ ಹತ್ತಿಸಿ ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿ. ಒಂದೇ ಒಂದು ಸ್ಕ್ರೂ ಮೊನೆ ಹೊಳೆದರೂ ಹಲಗೆ ಬಿಚ್ಚಿಸಿ. ಪಂಪಿನ ಮುಚ್ಚಳದ ಮೇಲೆ ಹಲಗೆಯಲ್ಲಿ ಕೈ ಹೋಗುವಷ್ಟು ಕಿಂಡಿ ಬಿಡಿಸಿ, ಇಲ್ಲದಿದ್ದರೆ ನಾಳೆ ಪಂಪು ಕೆಟ್ಟಾಗ ಇಡೀ ನೆಲ ಕೀಳಬೇಕು. ಖಾಲಿ ಉಳಿದ ತೂತುಗಳಿಗೆ ರಬ್ಬರ್ ಬಿರಡೆ. ಆರು ಏಳು ಸಣ್ಣ ಬಿರಡೆ ಹಾಕಲು ಮರೆತರೆ ಮಳೆಗಾಲದಲ್ಲಿ ನೀರು, ಬೇಸಿಗೆಯಲ್ಲಿ ಧೂಳು, ಸಿಗ್ನಲ್ಲಿನಲ್ಲಿ ನಿಂತಾಗ ಹೊಗೆ.

ಓಡಿಸುವಾಗ ಏನು ಬದಲಾಗುತ್ತದೆ? ಮುಂದಿನ ಚಕ್ರ ಎಳೆಯುವ ಗಾಡಿಯಲ್ಲಿ ಭಾರ ಮೊದಲೇ ಮುಂದಕ್ಕೆ. ಹಿಂದಿನಿಂದ ಇನ್ನಿಷ್ಟು ತೆಗೆದರೆ ಹಂಪಿನಲ್ಲಿ ಬಾಲ ಕುಣಿಯುತ್ತದೆ. ಒದ್ದೆ ರಿಂಗ್ ರೋಡಿನಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಬೇಗ ಲಾಕ್ ಆಗುತ್ತದೆ. ಎಬಿಎಸ್ (ಚಕ್ರ ಲಾಕ್ ಆಗದಂತೆ ಬ್ರೇಕ್ ಹಿಡಿತ ಹೊಂದಿಸುವ ವ್ಯವಸ್ಥೆ) ಇರುವ ಗಾಡಿ ತಡೆದುಕೊಳ್ಳುತ್ತದೆ. ಎಬಿಎಸ್ ಇಲ್ಲದ ಹಳೇ 800, ಆಲ್ಟೊಗಳಲ್ಲಿ ಇದು ತಮಾಷೆಯಲ್ಲ. ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಜಾರುವುದೂ ಹೆಚ್ಚು. ಮಣ್ಣಿನ ಟ್ರ್ಯಾಕಿನವರಿಗೆ ಬೇಕಾಗಿರುವುದೇ ಅದು.

ಸಾಮಾನು ಹಾಕುವವರು ತಿಳಿಯಬೇಕಾದದ್ದು ಬೇರೆ. ಒರಗುವ ಭಾಗದ ತಗಡು ಡಿಕ್ಕಿಯ ಸಾಮಾನು ಮುಂದಕ್ಕೆ ಹಾರದಂತೆ ತಡೆಯುವ ಗೋಡೆ ಕೂಡ. ಅದು ಇಲ್ಲದಾಗ 50ರ ವೇಗದಲ್ಲಿ ಗುದ್ದಿದರೆ ಹತ್ತು ಕೆ.ಜಿ. ಬೆಲ್ಲದ ಪೆಟ್ಟಿಗೆ ಮುಂದಿನ ಸೀಟಿನ ಬೆನ್ನಿಗೆ ಕ್ವಿಂಟಲ್‌ಗಟ್ಟಲೆ ಭಾರದ ಹಾಗೆ ಬಡಿಯುತ್ತದೆ. ಹಗ್ಗಕ್ಕೆ ಕೊಕ್ಕೆ ಬೇಕು ಅಂದರೆ ಬೆಲ್ಟಿನ ಆ್ಯಂಕರ್ ತೂತಿಗೆ ಐ-ಬೋಲ್ಟ್ (ತಲೆಯಲ್ಲಿ ಬಳೆ ಇರುವ ಬೋಲ್ಟು) ಹಾಕಿಸಿ, ಅದೇ 7/16 ಇಂಚಿನ ಮರೆಯದು. ಖಾಸಗಿ ಕಾರಿನ ವಿಮಾ ಪಾಲಿಸಿಯಲ್ಲಿ ಸ್ವಂತ ಲಗೇಜು, ಸ್ಯಾಂಪಲ್ ಬಿಟ್ಟು ಬೇರೆ ಸರಕು ಸಾಗಿಸುವಂತಿಲ್ಲ ಅಂತ ಬರೆದಿರುತ್ತದೆ. ಬಿಳಿ ಬೋರ್ಡಿನಲ್ಲಿ ದಿನಾ ಮಾರ್ಕೆಟ್ಟಿಗೆ ಲೋಡ್ ಹೊಡೆಯುವವರು ಆ ಪುಟ ಓದಲಿ.

ಕಾನೂನನ್ನು ಅಂಗಡಿಯಲ್ಲಿ ಯಾರೂ ಎತ್ತುವುದಿಲ್ಲ. ಆರ್‌ಸಿಯಲ್ಲಿ ಆಸನ 5 ಅಂತ ನಮೂದಾಗಿರುತ್ತದೆ. ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ತಾಳೆಯಾಗದಂತೆ ಗಾಡಿ ಬದಲಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನ ಪ್ರಕಾರ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕೆಎ-09, ಕೆಎ-55, ಕೆಎ-11 ಯಾವುದೇ ಇರಲಿ, ಹದಿನೈದು ವರ್ಷಕ್ಕೆ ಆರ್‌ಸಿ ನವೀಕರಣಕ್ಕೆ ಗಾಡಿ ತಂದು ನಿಲ್ಲಿಸಿದಾಗ ಇನ್‌ಸ್ಪೆಕ್ಟರ್ ಬಾಗಿಲು ತೆಗೆದು ನೋಡುತ್ತಾರೆ. ಟ್ರ್ಯಾಕಿನ ದಿನ ಕಳಚಿ, ಮಾರನೇ ದಿನ ವಾಪಸ್ ಹಾಕುವುದು ಒಂದೇ ನೆಟ್ಟಗಿನ ದಾರಿ. ಅಂಥವರಿಗೆ ಹಲಗೆಯ ಮಾತೇ ಬರುವುದಿಲ್ಲ.

ದರ ಕೇಳುವಾಗ ಕಳಚುವ ಕೂಲಿ, ಹಲಗೆ–ಕಾರ್ಪೆಟ್ಟು, ವಾಪಸ್ ಕೂರಿಸುವ ಕೂಲಿ ಮೂರನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಒಟ್ಟಿಗೆ ಹೇಳುವ ಮೊತ್ತದಲ್ಲಿ ದೊಡ್ಡ ಪಾಲು ಹಲಗೆಯದು, ಬೇಡವಾದದ್ದೂ ಅದೇ. ಮೂರನೆಯದು ಈಗಲೇ ಮಾತಾಗದಿದ್ದರೆ ಆಮೇಲೆ ದುಬಾರಿ.

‘ಸೀಟು ಇಲ್ಲೇ ಇರಲಿ ಬಿಡಿ ಸಾರ್, ಮನೇಲಿ ಯಾಕೆ ಜಾಗ’ ಅಂತ ಕೊನೆಗೆ ಒಂದು ಮಾತು ಬರುತ್ತದೆ. ಬಿಡಬೇಡಿ. ಅದೇ ಬಟ್ಟೆ, ಅದೇ ಬಣ್ಣ, ಅದೇ ಲಾಕಿನ ಸೀಟು ಮತ್ತೆ ಹುಡುಕಲು ಬೆಂಗಳೂರಿನ ಗುಜರಿ ಬೀದಿ ಸುತ್ತಬೇಕಾಗುತ್ತದೆ. ಬೋಲ್ಟುಗಳನ್ನು ಎಡ, ಬಲ ಅಂತ ಬರೆದ ಎರಡು ಕವರಿಗೆ ಹಾಕಿ ಹಿಂಜಿಗೇ ಕಟ್ಟಿ. ಸೀಟನ್ನು ನಿಲ್ಲಿಸಿಡಿ, ಮಲಗಿಸಿದರೆ ಫೋಮು ಒಂದು ಕಡೆ ಕುಗ್ಗುತ್ತದೆ. ಗೋಣಿಚೀಲದಲ್ಲಿ ಸುತ್ತಬೇಡಿ, ದಪ್ಪ ಟಾರ್ಪಾಲು ಸುತ್ತಿ ಅಟ್ಟದ ಮೇಲೆ ನೆಲದಿಂದ ಎತ್ತರಕ್ಕೆ ಇಡಿ. ಇಲಿಗೆ ಸೀಟಿನ ಫೋಮಿಗಿಂತ ಒಳ್ಳೆಯ ಹಾಸಿಗೆ ಇಲ್ಲ. ಭತ್ತದ ಚೀಲದ ಪಕ್ಕ ಇಟ್ಟರಂತೂ ಅದಕ್ಕೆ ಊಟ, ವಸತಿ ಎರಡೂ ಆಯಿತು.