ಐಕ್ಲರ್ ಮನೆಯಲ್ಲಿ ಬಿಲ್ಟ್-ಇನ್ ಫ್ರಿಡ್ಜ್ ಇದೆಯೇ? ರಿಪೇರಿಯವರ ಕೈಗೆ ಕೊಡುವ ಮುಂಚೆ ಇದನ್ನು ಓದಿ

ಕ್ಯಾಲಿಫೋರ್ನಿಯಾದ ಸನ್ನಿವೇಲ್, ಪಾಲೊ ಆಲ್ಟೊ, ಕುಪರ್ಟಿನೊ ಕಡೆ ಐಕ್ಲರ್ ಮನೆ ಕೊಂಡಿರುವ ಕನ್ನಡದವರು ದಯವಿಟ್ಟು ಇದನ್ನು ಪೂರ್ತಿ ಓದಿ. ಫ್ರಿಡ್ಜ್ ಸರಿಮಾಡಲು ಬಂದವನು ನಮ್ಮ ಮನೆಯ ನೆಲದೊಳಗಿರುವ ಬಿಸಿನೀರಿನ ಪೈಪಿಗೆ ತೂತು ಹಾಕಿ ಹೋದ. ಅದು ನಮಗೆ ಗೊತ್ತಾಗಿದ್ದು ಎರಡು ತಿಂಗಳ ಮೇಲೆ. ಫ್ರಿಡ್ಜಿಗೆ ನಿಜವಾಗಿ ಬೇಕಿದ್ದದ್ದು 340 ಡಾಲರಿನ ಕೆಲಸ. ನಮ್ಮ ಕೈಯಿಂದ ಹೋಗಿದ್ದು ಒಂಬತ್ತು ಸಾವಿರ ಡಾಲರಿಗೂ ಹೆಚ್ಚು.

ನಮ್ಮದು 1962ರ ಮನೆ. ಜೋಸೆಫ್ ಐಕ್ಲರ್ ಅವರ ಕಂಪನಿ ಕ್ಯಾಲಿಫೋರ್ನಿಯಾದಲ್ಲಿ ಇಂಥ ಸುಮಾರು 11,000 ಮನೆ ಕಟ್ಟಿತು, ಅದರಲ್ಲಿ ಬಹುಪಾಲು 1950 ಮತ್ತು 60ರ ದಶಕಗಳಲ್ಲಿ. ದೊಡ್ಡ ಗಾಜು, ಕಂಬ-ತೊಲೆಯ ಚೌಕಟ್ಟು, ಗೋಡೆಗೆ ಲವಾನ್ ಮರದ ತೆಳು ಹಲಗೆ. ಅಟ್ಟವಿಲ್ಲ, ಕೆಳಗೆ ನೆಲಮಾಳಿಗೆಯೂ ಇಲ್ಲ. ತಲೆಯ ಮೇಲೆ ಕಾಣುವ ಹಲಗೆಯ ಮೇಲೇ ಛಾವಣಿ, ಕಾಲಡಿ ನೇರವಾಗಿ ಕಾಂಕ್ರೀಟ್. ಆ ಕಾಂಕ್ರೀಟಿನೊಳಗೆ ಮನೆ ತುಂಬಾ ಹಾವಿನಂತೆ ಸುತ್ತಿಕೊಂಡ ಪೈಪು. ಚಳಿಗಾಲದಲ್ಲಿ ಬಾಯ್ಲರಿನ ಬಿಸಿನೀರು ಅದರಲ್ಲಿ ಹರಿದು ನೆಲವೇ ಬೆಚ್ಚಗಾಗುತ್ತದೆ. ಈ ಮನೆಯನ್ನು ನಾವು ಇಷ್ಟಪಟ್ಟು ಕೊಂಡಿದ್ದಕ್ಕೆ ಅದೂ ಒಂದು ಕಾರಣ.

ಫ್ರಿಡ್ಜ್ 1962ರದ್ದಲ್ಲ. ಹಿಂದಿನ ಮಾಲೀಕರು 1998ರಲ್ಲಿ ಹಳೇ ಕ್ಯಾಬಿನೆಟ್ ಕತ್ತರಿಸಿ ಕೂರಿಸಿದ ಬಿಲ್ಟ್-ಇನ್. ಈ ಜಾತಿಯ ಫ್ರಿಡ್ಜ್ ಮಾಮೂಲಿಯಂತೆ ಮುಂದಕ್ಕೆ ಚಾಚಿಕೊಂಡಿರುವುದಿಲ್ಲ. 24 ಇಂಚು ಆಳ, ಅಡುಗೆ ಕಟ್ಟೆಯ ಸಮಕ್ಕೆ ನಿಲ್ಲುತ್ತದೆ. ಎತ್ತರ 84 ಇಂಚು. ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್, ಶಾಖ ಹೊರಹಾಕುವ ಕಂಡೆನ್ಸರ್ ಎಲ್ಲ ಹೆಚ್ಚಾಗಿ ಫ್ರಿಡ್ಜಿನ ತಲೆಯ ಮೇಲೆ, ಜಾಲರಿಯ ಹಿಂದೆ. ಮುಂದಕ್ಕೆ ವಾಲಿ ಬೀಳದಂತೆ ಗೋಡೆಗೋ ಮೇಲಿನ ಮರಕ್ಕೋ ಸ್ಕ್ರೂ ಹಾಕಿ ಕಟ್ಟಿರುತ್ತಾರೆ. ಅಂದರೆ ಅದನ್ನು ಮುಟ್ಟಿದರೆ ಮನೆಯನ್ನೇ ಮುಟ್ಟಿದಂತೆ. ನಾನು ಅದನ್ನು ಬರೀ ಒಂದು ಮಿಷನ್ ಅಂದುಕೊಂಡಿದ್ದೆ.

ತೊಂದರೆ ಶುರುವಾಗಿದ್ದು ಸೆಪ್ಟೆಂಬರಿನ ಬಿಸಿಲಿನಲ್ಲಿ. ಬೆಳಿಗ್ಗೆ ಕಾಫಿಗೆ ಹಾಲು ಇಟ್ಟರೆ ಒಡೆದುಹೋಯಿತು. ದೋಸೆ ಹಿಟ್ಟು ಫ್ರಿಡ್ಜಿನೊಳಗೇ ಉಬ್ಬಿ ಡಬ್ಬಿಯ ಮುಚ್ಚಳ ಎತ್ತಿತ್ತು. ಥರ್ಮಾಮೀಟರ್ ಇಟ್ಟು ನೋಡಿದರೆ 52 ಡಿಗ್ರಿ ಫ್ಯಾರನ್‌ಹೀಟ್. 40 ದಾಟಬಾರದು. ಆಗಸ್ಟಿನಲ್ಲಿ ಊರಿಂದ ಬಂದಿದ್ದ ಅಮ್ಮನ ಮೂರು ತಿಂಗಳ ಇನ್ಸುಲಿನ್ ಅದರಲ್ಲೇ ಇತ್ತು. ಅದನ್ನು ಪಕ್ಕದ ಮನೆಯ ಫ್ರಿಡ್ಜಿನಲ್ಲಿ ಇಟ್ಟು ಬಂದು, ಗಾಬರಿಯಲ್ಲಿ ಫೋನಿನಲ್ಲಿ ಹುಡುಕಿ, ಮೊದಲು ಕಂಡ ಜಾಹೀರಾತಿನ ನಂಬರಿಗೆ ಕರೆ ಮಾಡಿದೆ. 'ಇವತ್ತೇ ಬರುತ್ತೇವೆ' ಅಂದರು. ಆ ಒಂದು ಮಾತಿಗೆ ಒಪ್ಪಿಬಿಟ್ಟೆ.

ಬಂದವನು ನೋಡಿದ್ದಕ್ಕೆ 129 ಡಾಲರ್ ತೆಗೆದುಕೊಂಡ. ಹತ್ತು ನಿಮಿಷದಲ್ಲಿ ಗ್ಯಾಸ್ ಕಡಿಮೆಯಾಗಿದೆ ಅಂದ. ತಾಮ್ರದ ನಳಿಗೆಗೆ ಒಂದು ಕ್ಲ್ಯಾಂಪ್ ಕಚ್ಚಿಸಿ, ಸೂಜಿಯಿಂದ ಚುಚ್ಚಿ, ಗ್ಯಾಸ್ ತುಂಬಿದ. 780 ಡಾಲರ್.

ಇಲ್ಲಿ ನಿಲ್ಲಿಸಿ ಒಂದು ವಿಷಯ ಹೇಳಬೇಕು. ಫ್ರಿಡ್ಜಿನ ಗ್ಯಾಸ್ ಕಾರಿನ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಅದು ಬೆಸುಗೆ ಹಾಕಿ ಮುಚ್ಚಿದ ಕೊಳವೆಯೊಳಗೆ ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ. ನಿಜವಾಗಿ ಕಡಿಮೆಯಾಗಿದ್ದರೆ ಎಲ್ಲೋ ತೂತಿದೆ ಅಂತ ಅರ್ಥ. ತೂತು ಹುಡುಕದೆ ತುಂಬಿದರೆ ಹೊಸ ಗ್ಯಾಸೂ ಅದೇ ದಾರಿ ಹಿಡಿಯುತ್ತದೆ. ಎಷ್ಟು ಔನ್ಸ್ ಹಾಕಬೇಕು ಅನ್ನುವುದು ಫ್ರಿಡ್ಜಿನೊಳಗಿನ ತಗಡಿನ ಮೇಲೆ ಅಚ್ಚಾಗಿರುತ್ತದೆ, ತೂಕದ ಯಂತ್ರ ಇಟ್ಟುಕೊಂಡೇ ಹಾಕಬೇಕು. ಇವನ ಹತ್ತಿರ ತೂಕದ ಯಂತ್ರವೇ ಇರಲಿಲ್ಲ. ಅವನು ಕಚ್ಚಿಸಿದ ಆ ಕ್ಲ್ಯಾಂಪನ್ನು, ಅಂದರೆ ಚುಚ್ಚುವ ವಾಲ್ವನ್ನು, ಹಾಗೇ ಬಿಟ್ಟು ಹೋದರೆ ಅದರ ರಬ್ಬರೇ ಮುಂದೆ ಸೋರುವ ಜಾಗವಾಗುತ್ತದೆ. ಇಷ್ಟೆಲ್ಲ ನಾನು ಆಮೇಲೆ ಕಲಿತದ್ದು.

ಮೂರು ವಾರ ಫ್ರಿಡ್ಜ್ ತಣ್ಣಗಿತ್ತು. ಅವನು ಬಂದುಹೋದ ವಾರವೇ ಬಿಸಿಲೂ ಇಳಿದಿತ್ತು ಅನ್ನುವುದನ್ನು ಆಗ ನಾನು ಗಮನಿಸಲಿಲ್ಲ. ಅಕ್ಟೋಬರ್ ಮೊದಲಲ್ಲಿ ಮತ್ತೆ ಧಗೆ ಏರಿತು, ಫ್ರಿಡ್ಜ್ ಮತ್ತೆ ಕೈಕೊಟ್ಟಿತು. ತುರಿದಿಟ್ಟ ಕಾಯಿ, ಅಮ್ಮ ಕೂತು ಹಿತುಕಿ ಕಟ್ಟಿಟ್ಟಿದ್ದ ಅವರೆಕಾಳು, ಎಲ್ಲ ಕಸಕ್ಕೆ ಹೋಯಿತು.

ಎರಡನೇ ಸಲ ಅವನು ಬಂದು, ಲೀಕ್ ಹಿಂದುಗಡೆ ಇರಬೇಕು, ಹೊರಗೆಳೆಯಬೇಕು ಅಂದ. ನಾನು ಹೂಂ ಅಂದೆ. ನೆಲಕ್ಕೆ ಒಂದು ಹಲಗೆ ಹಾಸಲಿಲ್ಲ, ಬದಿಯ ಮರದ ಪಟ್ಟಿ ಬಿಚ್ಚಲಿಲ್ಲ. ಮೇಲಿನ ಸ್ಕ್ರೂ ಒಂದನ್ನು ಬಿಚ್ಚದೆ ಮರೆತು ಜಗ್ಗಿದಾಗ ಮರ ಸೀಳಿಕೊಂಡು ಬಂತು. ಅರವತ್ತು ವರ್ಷದ ಲವಾನ್ ಪಟ್ಟಿ ಎರಡು ತುಂಡಾಯಿತು. ಚಕ್ರಗಳ ಕೆಳಗೆ 9 ಇಂಚಿನ ಹಳೇ ಟೈಲುಗಳು ಪಟಪಟ ಒಡೆದವು. ಲೀಕ್ ಸಿಗಲಿಲ್ಲ. ವಾಪಸ್ ಕೂರಿಸುವಾಗ ಮೇಲೆ ಸ್ಕ್ರೂ ಹಿಡಿಯಲು ಮರವೇ ಉಳಿದಿರಲಿಲ್ಲವಲ್ಲ, ಅದಕ್ಕೆ ನೆಲಕ್ಕೇ ಒಂದು ಕಬ್ಬಿಣದ ಪಟ್ಟಿ ಹಾಕುತ್ತೇನೆ ಅಂದ.

ಡ್ರಿಲ್ ಇಟ್ಟ. ತೂತಿನಿಂದ ನೀರು ಒಸರಿತು.

ಐಸ್ ಮೇಕರಿನ ನಳಿಗೆಯಲ್ಲಿ ಉಳಿದಿದ್ದ ನೀರು ಅಂದ. ಒರೆಸಿದ, ಬೋಲ್ಟ್ ಬಿಗಿದ, ಫ್ರಿಡ್ಜ್ ತಳ್ಳಿದ, 650 ಡಾಲರ್ ತೆಗೆದುಕೊಂಡು ಹೋದ. ನಾನು ಅಲ್ಲೇ ನಿಂತಿದ್ದೆ. ನೆಲದೊಳಗೆ ಪೈಪಿದೆ ಅನ್ನುವುದು ನನಗೆ ಗೊತ್ತಿತ್ತು. ಆ ಹೊತ್ತಿಗೆ ಅದು ತಲೆಗೆ ಬರಲಿಲ್ಲ. ಈ ಬರಹ ಬರೆಯುತ್ತಿರುವುದೇ ಆ ಒಂದು ನಿಮಿಷಕ್ಕಾಗಿ. ಯಾರೇ ಡ್ರಿಲ್ ಹೊರತೆಗೆದರೂ, 'ನೆಲಕ್ಕೆ ಬೇಡ, ಇದರೊಳಗೆ ಬಿಸಿನೀರಿನ ಪೈಪಿದೆ' ಅಂತ ಅಡ್ಡ ನಿಂತು ಹೇಳಿ. ಫ್ರಿಡ್ಜಿನವರಿಗೆ ಫ್ರಿಡ್ಜ್ ಗೊತ್ತಿರಬಹುದು, ಐಕ್ಲರ್ ನೆಲ ಗೊತ್ತಿರಬೇಕೆಂದಿಲ್ಲ.

ಒಂದು ವಾರದಲ್ಲಿ ಫ್ರಿಡ್ಜ್ ಮತ್ತೆ ಬೆಚ್ಚಗಾಯಿತು. ಈ ಸಲ ಪಕ್ಕದ ಮನೆಯವರು ಹೇಳಿದ ಬೇರೊಬ್ಬರನ್ನು ಕರೆಸಿದೆವು. ಅವರು ಮೊದಲು ಮಾಡಿದ್ದು ಮೇಲಿನ ಜಾಲರಿ ತೆಗೆದದ್ದು. ಕಂಡೆನ್ಸರಿನ ಮೇಲೆ ಕಂಬಳಿ ಹೊದಿಸಿದಷ್ಟು ಧೂಳು. ಅದಕ್ಕೆ ಗಾಳಿ ಬೀಸುವ ಫ್ಯಾನಿನ ಮೋಟರ್ ಸುಸ್ತಾಗಿ ನಿಂತು ನಿಂತು ಓಡುತ್ತಿತ್ತು. ಒಳಗಿನ ಶಾಖ ಹೊರಹೋಗುವುದೇ ಅಲ್ಲಿಂದ. ಆ ದಾರಿ ಕಟ್ಟಿಕೊಂಡರೆ ಎಷ್ಟು ಗ್ಯಾಸ್ ಇದ್ದರೂ ತಣ್ಣಗಾಗದು. ಅದರ ಮೇಲೆ ನಮ್ಮದು ಅಟ್ಟವಿಲ್ಲದ ಮನೆ, ಬಿಸಿಲು ಕಾದ ಛಾವಣಿ ಫ್ರಿಡ್ಜಿನ ತಲೆಯಿಂದ ಒಂದು ಗೇಣು ಮೇಲಿದೆ. ಧಗೆಯ ದಿನ ಮಾತ್ರ ಕೈಕೊಡುತ್ತಿದ್ದದ್ದು ಅದಕ್ಕೇ. ಮೋಟರ್ ಬದಲಿಸಿ, ಧೂಳು ತೆಗೆದದ್ದಕ್ಕೆ 340. ಅಗತ್ಯಕ್ಕಿಂತ ಹೆಚ್ಚಾಗಿದ್ದ ಗ್ಯಾಸನ್ನೆಲ್ಲ ಸಿಲಿಂಡರಿಗೆ ಎಳೆದುಕೊಂಡು, ಮೊದಲಿನವನು ಚುಚ್ಚಿದ ವಾಲ್ವ್ ತೆಗೆದು, ನಳಿಗೆ ಬೆಸೆದು, ತಗಡಿನ ಮೇಲಿದ್ದ ತೂಕಕ್ಕೆ ಸರಿಯಾಗಿ ಮತ್ತೆ ತುಂಬಲು ಇನ್ನೊಂದು 610. ಮೊದಲ ದಿನವೇ ಜಾಲರಿ ತೆಗೆದು ನೋಡಿದ್ದರೆ ಈ ಕಥೆಯೇ ಇಲ್ಲ. ನಿಮ್ಮ ಮನೆಯಲ್ಲಿ ಇಂಥ ಫ್ರಿಡ್ಜ್ ಇದ್ದರೆ ಸ್ವಿಚ್ ಆರಿಸಿ, ಜಾಲರಿ ತೆಗೆದು, ಟಾರ್ಚ್ ಹಾಕಿ ನೋಡಿ. ಮೆತ್ತನೆ ಬ್ರಷ್, ವ್ಯಾಕ್ಯೂಮ್ ಸಾಕು. ಆರು ತಿಂಗಳಿಗೊಮ್ಮೆಯಾದರೂ ಮಾಡಿ.

ನವೆಂಬರ್ ನಡುವಿನಲ್ಲಿ ಬಾಯ್ಲರ್ ಹಚ್ಚಿದೆವು. ಅಮ್ಮ ಮನೆಯೊಳಗೆ ಬರಿಗಾಲಲ್ಲೇ ಓಡಾಡುವವರು. ಡಿಸೆಂಬರಿನ ಒಂದು ಬೆಳಿಗ್ಗೆ ಅವರೇ ಹೇಳಿದರು: "ಫ್ರಿಡ್ಜ್ ಹತ್ರ ನೆಲ ಸುಡ್ತದೆ ಕಣೇ, ಇಲ್ಲಿ ಮಾತ್ರ ಯಾಕೆ ಹಿಂಗೆ?" ಬಗ್ಗಿ ನೋಡಿದರೆ ಕ್ಯಾಬಿನೆಟ್ಟಿನ ಕೆಳಗಿನ ಹಲಗೆ ನೆನೆದು ಊದಿಕೊಂಡಿತ್ತು. ಬಾಯ್ಲರಿನ ಪ್ರೆಷರ್ ಮುಳ್ಳು ಮಾತ್ರ ಇದ್ದಲ್ಲೇ ಇತ್ತು, ಯಾಕೆಂದರೆ ಸೋರಿದಷ್ಟು ನೀರನ್ನು ಆಟೋ-ಫಿಲ್ ವಾಲ್ವ್ ತಾನಾಗಿ ತುಂಬುತ್ತಿತ್ತು. ಆ ವಾಲ್ವ್ ಮುಚ್ಚಿ ಮಲಗಿದೆವು. ಬೆಳಿಗ್ಗೆ ಮುಳ್ಳು ಸೊನ್ನೆಗೆ ಇಳಿದಿತ್ತು.

ನೆಲದ ಪೈಪಿನ ಕೆಲಸ ಬಲ್ಲವರು ಥರ್ಮಲ್ ಕ್ಯಾಮೆರಾ ತಂದರು. ಪರದೆಯ ಮೇಲೆ ಪೈಪಿನ ಗೆರೆಗಳು ಕೆಂಪಗೆ ಕಂಡವು. ಒಂದು ಗೆರೆ ನೆಟ್ಟಗೆ ಆ ಕಬ್ಬಿಣದ ಪಟ್ಟಿಯ ಕೆಳಗೇ ಹೋಗಿತ್ತು. ಬೋಲ್ಟು ತಾನೇ ಬಿರಡೆಯಾಗಿ ತೂತನ್ನು ಅರ್ಧ ಮುಚ್ಚಿದ್ದರಿಂದ ಇಷ್ಟು ದಿನ ಸಣ್ಣಗೆ ಸೋರಿತ್ತು.

ಅಲ್ಲಿಗೆ ಮುಗಿಯಲಿಲ್ಲ. ಕಾಂಕ್ರೀಟ್ ಒಡೆಯುವ ಮುಂಚೆ ಹಳೇ ಟೈಲನ್ನು ಪರೀಕ್ಷೆಗೆ ಕಳಿಸಿ ಅಂದರು. ಆ ಕಾಲದ ವಿನೈಲ್ ಟೈಲಿನಲ್ಲೂ ಕೆಳಗಿನ ಕಪ್ಪು ಅಂಟಿನಲ್ಲೂ ಕಲ್ನಾರು (ಆಸ್‌ಬೆಸ್ಟಾಸ್, ಉಸಿರಿನೊಳಗೆ ಹೋದರೆ ಶ್ವಾಸಕೋಶಕ್ಕೆ ಕೆಡುಕು ಮಾಡುವ ನಾರು) ಇರುವುದು ಮಾಮೂಲು. ಒಡೆಯದೆ ಸುಮ್ಮನೆ ಬಿದ್ದಿರುವ ಟೈಲಿನಿಂದ ಸಾಮಾನ್ಯವಾಗಿ ಅಪಾಯವಿಲ್ಲ. ಒಡೆದಾಗ, ಕೊರೆದಾಗ, ಉಜ್ಜಿದಾಗ ಅದರ ಎಳೆ ಗಾಳಿಗೆ ಏಳುತ್ತದೆ. ನಮ್ಮದರಲ್ಲೂ ಇತ್ತು. ಅಕ್ಟೋಬರಿನಲ್ಲಿ ಅವನು ಒಣ ಡ್ರಿಲ್ ಹೊಡೆದಾಗ ಅಮ್ಮ ಮೂರಡಿ ದೂರದಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದರು. ದುಡ್ಡಿನ ಸಂಕಟ ಆರುತ್ತದೆ, ಇದು ಮಾತ್ರ ಇವತ್ತಿಗೂ ನನ್ನ ನಿದ್ದೆ ಕೆಡಿಸುತ್ತದೆ. ಪರೀಕ್ಷೆ ಮಾಡಿಸಿ ಲೈಸೆನ್ಸ್ ಇದ್ದವರಿಂದ ಟೈಲು ತೆಗೆಸಲು 2,600, ಪೈಪಿಗೆ 3,100, ಮರದ ಕೆಲಸಕ್ಕೆ 900.

ಕ್ಯಾಲಿಫೋರ್ನಿಯಾದಲ್ಲಿ ಫ್ರಿಡ್ಜ್ ರಿಪೇರಿ ಮಾಡುವ ವ್ಯವಹಾರ ರಾಜ್ಯದ ಗ್ರಾಹಕ ವ್ಯವಹಾರಗಳ ಇಲಾಖೆಯ ಕೆಳಗಿನ ಬ್ಯೂರೋದಲ್ಲಿ ರಿಜಿಸ್ಟರ್ ಆಗಿರಬೇಕು. ಆ ರಿಜಿಸ್ಟ್ರೇಷನ್ ನಂಬರನ್ನು ಬ್ಯೂರೋದ ವೆಬ್‌ಸೈಟಿನಲ್ಲೇ ಪರಿಶೀಲಿಸಬಹುದು. ಫ್ರಿಡ್ಜಿನ ಗ್ಯಾಸ್ ಕೊಳವೆ ತೆರೆಯುವವರ ಹತ್ತಿರ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ (ಇಪಿಎ) 608 ಸರ್ಟಿಫಿಕೇಟ್ ಇರಬೇಕು, ಇದು ಇಡೀ ದೇಶಕ್ಕೆ ಅನ್ವಯಿಸುವ ನಿಯಮ. ಫೋನಿನಲ್ಲೇ ಎರಡನ್ನೂ ಕೇಳಿ. ಖರ್ಚಿನ ಅಂದಾಜು ಬರವಣಿಗೆಯಲ್ಲಿ ಪಡೆಯಿರಿ, ಬಿಚ್ಚಿದ ಹಳೇ ಭಾಗ ವಾಪಸ್ ಬೇಕು ಅಂತ ಕೆಲಸ ಒಪ್ಪಿಸುವಾಗಲೇ ಹೇಳಿ. ನಮಗೆ ಸಿಕ್ಕ ಬಿಲ್ಲಿನಲ್ಲಿ ಒಂದು ಫೋನ್ ನಂಬರ್ ಬಿಟ್ಟರೆ ಬೇರೇನೂ ಇರಲಿಲ್ಲ. ಆ ನಂಬರಿಗೆ ಈಗ ಯಾರೂ ಎತ್ತುವುದಿಲ್ಲ. ಬ್ಯೂರೋಗೆ ದೂರು ಕೊಟ್ಟಿದ್ದೇವೆ. ಸಣ್ಣ ಮೊತ್ತದ ದಾವೆ ನೋಡುವ ಸ್ಮಾಲ್ ಕ್ಲೇಮ್ಸ್ ಕೋರ್ಟಿನಲ್ಲಿ 12,500 ಡಾಲರ್‌ವರೆಗೆ ವಕೀಲರಿಲ್ಲದೆ ಪರಿಹಾರ ಕೇಳಬಹುದು, ಅದರ ಕಾಗದಪತ್ರ ತಯಾರಾಗುತ್ತಿದೆ. ಫೋಟೋ ತೆಗೆದಿಟ್ಟುಕೊಂಡಿದ್ದು ನಮ್ಮ ಮನೆಯವರು, ಅದೊಂದೇ ನಮ್ಮ ಕೈಯಲ್ಲಿರುವ ಆಧಾರ.

ಹೊಸದನ್ನೇ ತಂದುಬಿಡಬಾರದಿತ್ತೇ ಅಂತ ಕೆಲವರು ಕೇಳಿದರು. ಹೊಸ ಬಿಲ್ಟ್-ಇನ್ ಹತ್ತು ಸಾವಿರ ಡಾಲರ್ ದಾಟುವುದೂ ಉಂಟು. ಅಳತೆ ಅರ್ಧ ಇಂಚು ವ್ಯತ್ಯಾಸವಾದರೂ ಕ್ಯಾಬಿನೆಟ್ ಮತ್ತೆ ಕತ್ತರಿಸಬೇಕು. ಮತ್ತೆ ಅದೇ ನೆಲದ ಮೇಲೆ ಅದೇ ಕೆಲಸ.

ಪೈಪಿನವರು ತೆಗೆದ ಚಿತ್ರಗಳನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಫ್ರಿಡ್ಜ್ ಪಕ್ಕದ ಕ್ಯಾಬಿನೆಟ್ ಬಾಗಿಲಿನ ಒಳಗೆ ಅಂಟಿಸಿದ್ದೇನೆ. ಫೋನಿಗೆ ಸಿಕ್ಕಿಸುವ ಒಂದು ಚಿಕ್ಕ ಥರ್ಮಲ್ ಕ್ಯಾಮೆರಾವನ್ನೂ ಕೊಂಡೆವು. ತಣ್ಣಗಿರುವ ನೆಲಕ್ಕೆ ಬಾಯ್ಲರ್ ಹಚ್ಚಿ ಮುಕ್ಕಾಲು ಗಂಟೆ ಕಾದರೆ ಗೆರೆಗಳು ಎದ್ದು ಕಾಣುತ್ತವೆ. ಸನ್ನಿವೇಲ್ ಸುತ್ತಮುತ್ತ ಇಂಥ ಮನೆಯಲ್ಲಿ ಯಾರಾದರೂ ಫ್ರಿಡ್ಜ್ ಹೊರಗೆಳೆಸುವವರಿದ್ದರೆ ಹಿಂದಿನ ದಿನ ನನಗೆ ಒಂದು ಮೆಸೇಜ್ ಹಾಕಿ. ಕ್ಯಾಮೆರಾ ಕೊಡುತ್ತೇನೆ, ಬೇಕಾದರೆ ನಾನೇ ಬಂದು ನೆಲ ನೋಡಿ ಚಾಕಿನಲ್ಲಿ ಗುರುತು ಹಾಕಿಕೊಡುತ್ತೇನೆ.